ಐವತ್ತು ವರ್ಷ ಮುಚ್ಚಿಟ್ಟ ಹೆಸರು

ಸ್ಕಾಟ್ಲೆಂಡಿನ ಪೂರ್ವತೀರದ ಫೈಫ್ ಪ್ರಾಂತದಲ್ಲಿ, ಫೋರ್ತ್ ಕೊಲ್ಲಿಗೆ ಮುಖಮಾಡಿ, ಬಾಲ್ಕಾರಸ್ ಎಂಬ ಪ್ರಾಚೀನವಾದ ಮನೆಯೊಂದಿದೆ. 1750ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಆ ಮನೆಯ ಒಡತಿಗೆ ದಿನ ತುಂಬಿದಾಗ, ಪದಚ್ಯುತವಾಗಿದ್ದ ಸ್ಟೂವರ್ಟ್ ರಾಜವಂಶದಲ್ಲಿ ಇನ್ನೂ ಭಕ್ತಿಯಿಟ್ಟುಕೊಂಡಿದ್ದ ನೆಂಟರಿಷ್ಟರು ಕಾತರದಿಂದ ಕಾದಿದ್ದರಂತೆ. ಏಕೆಂದರೆ ಈ ದಂಪತಿಗಳ ಚೊಚ್ಚಲ ಮಗುವೇ ಮುಂದೆ ಸ್ಟೂವರ್ಟರನ್ನು ಸಿಂಹಾಸನಕ್ಕೆ ಮರಳಿ ತರುವುದೆಂದು ಭವಿಷ್ಯವಾಣಿಯೊಂದು ಹಬ್ಬಿತ್ತು. ಹುಟ್ಟಿದ್ದು ಹೆಣ್ಣು. ಹೆಣ್ಣು ಹುಟ್ಟಿತೆಂದು ಮುಖ ಬಾಡಿಸಿಕೊಂಡ ಮನೆಗಳನ್ನು ನಾವೂ ಬಲ್ಲೆವು. ಆದರೆ ರಾಜವಂಶವೊಂದರ ಆಸೆಯೇ ಹೀಗೆ ತೊಟ್ಟಿಲಲ್ಲಿ ಮುರಿದುಬಿದ್ದದ್ದು ಅಪೂರ್ವವೆಂದೇ ಹೇಳಬೇಕು. ಆ ಮಗುವೇ ಲೇಡಿ ಆನ್ ಲಿಂಡ್ಸೆ. ಜಾರ್ಜ್ ನಾಮಧೇಯದ ನಾಲ್ವರು ದೊರೆಗಳು ಒಬ್ಬರಾದ ಮೇಲೊಬ್ಬರು ಬ್ರಿಟನ್ನನ್ನು ಆಳಿದ ಕಾಲದಲ್ಲಿ ಮೂವರ ಆಳ್ವಿಕೆಯನ್ನು ಕಂಡು, ಎಪ್ಪತ್ತನಾಲ್ಕು ವರ್ಷ ಬದುಕಿದ ಈಕೆ, ಸಿಂಹಾಸನದ ಮೇಲೆ ಯಾರನ್ನೂ ಕೂರಿಸಲಿಲ್ಲ. ಒಂದು ಹಾಡನ್ನು ಕಟ್ಟಿದಳು, ಅದು ತನ್ನದೆಂಬುದನ್ನು ಅರ್ಧ ಶತಮಾನ ಲೋಕಕ್ಕೆ ತಿಳಿಯಗೊಡದೆ ಬಚ್ಚಿಟ್ಟಳು.

ತಂದೆ ಜೇಮ್ಸ್ ಲಿಂಡ್ಸೆ, ಬಾಲ್ಕಾರಸ್ಸಿನ ಐದನೆಯ ಅರ್ಲ್. 1715ರ ದಂಗೆಯಲ್ಲಿ ಸ್ಟೂವರ್ಟರ ಪಕ್ಷ ವಹಿಸಿ, ಆಮೇಲೆ ಕ್ಷಮೆ ಪಡೆದು, ತಾನು ಯಾರ ವಿರುದ್ಧ ಕತ್ತಿ ಹಿರಿದಿದ್ದನೋ ಆ ಜಾರ್ಜ್ ದೊರೆಗಳ ಸೈನ್ಯದಲ್ಲಿಯೇ ದುಡಿದ ಆ ಮನುಷ್ಯನಿಗೆ, ಹಳೆಯ ಕಳಂಕದ ದೆಸೆಯಿಂದ ಮೇಲಿನ ಪದವಿ ದೊರಕಲಿಲ್ಲ. ಊರಿಗೆ ಮರಳಿ ಪುಸ್ತಕಗಳಲ್ಲಿಯೂ ಬೇಸಾಯದಲ್ಲಿಯೂ ಮನಸ್ಸಿಟ್ಟ. ಅರವತ್ತರ ಹತ್ತಿರ ಬಂದಾಗ ಇಪ್ಪತ್ತೆರಡರ ಆನ್ ಡಾಲ್ರಿಂಪಲ್ ಎಂಬ ಕನ್ಯೆಯಲ್ಲಿ ಅವನಿಗೆ ಮೋಹವುಂಟಾಯಿತು. ಆಕೆ ಮೊದಲು ಒಲ್ಲೆನೆಂದಳು. ಅವನು ಹಾಸಿಗೆ ಹಿಡಿದ. ಸಾಯುವೆನೆಂದು ಬಗೆದು ತನ್ನ ಆಸ್ತಿಯಲ್ಲಿ ಅರ್ಧವನ್ನು ಆಕೆಗೆ ಬರೆದಿಟ್ಟ. ಇದನ್ನು ಕೇಳಿ ಆಕೆಯ ಮನಸ್ಸು ಕರಗಿತು, ಅವನೂ ಚೇತರಿಸಿಕೊಂಡ, 1749ರಲ್ಲಿ ಮದುವೆಯಾಯಿತು. ಆ ದಾಂಪತ್ಯದಲ್ಲಿ ಎಂಟು ಗಂಡು, ಮೂರು ಹೆಣ್ಣು, ಒಟ್ಟು ಹನ್ನೊಂದು ಮಕ್ಕಳು ಹುಟ್ಟಿದವು. ಮನೆಯಲ್ಲಿ ಬಿರುದಿತ್ತು, ವಂಶಾವಳಿಯಿತ್ತು, ಗ್ರಂಥಭಂಡಾರವಿತ್ತು, ಹಣವೊಂದು ಇರಲಿಲ್ಲ.

ತಾಯಿ ಬಹಳ ಬಿಗಿ. ಆಕೆಯ ಶಿಕ್ಷೆಗಳಿಗೆ ಬೇಸತ್ತ ಮಕ್ಕಳು ಒಂದು ದಿನ ಆನಳ ನೇತೃತ್ವದಲ್ಲಿ ನಾಯಿಗಳನ್ನೂ ಕಟ್ಟಿಕೊಂಡು ಮನೆ ಬಿಟ್ಟು ಓಡಿಹೋಗಲು ಹೊರಟರು. ದಾರಿಯಲ್ಲಿ ಈ ಸೇನೆಯನ್ನು ಕಂಡ ಮನೆಯ ಮುದಿ ಕುರುಬ ಹೋಗಿ ಒಡತಿಗೆ ಸುದ್ದಿ ಮುಟ್ಟಿಸಿದ. ದಂಡಯಾತ್ರೆ ಅಲ್ಲಿಗೆ ಮುಗಿಯಿತು. ಆ ಕುರುಬನ ಹೆಸರು ರಾಬಿನ್ ಗ್ರೇ. ಚಾಡಿ ಹೇಳಿದವನನ್ನು ಮಕ್ಕಳು ಮರೆಯುವುದಿಲ್ಲ. ಇವನ ಹೆಸರು ಮುಂದೆ ಎಷ್ಟು ದೂರ ಹೋಗಲಿತ್ತೆಂಬುದು ಆಗ ಅವನಿಗೂ ತಿಳಿಯದು, ಅವಳಿಗೂ ತಿಳಿಯದು.

1768ರಲ್ಲಿ ತಂದೆ ತೀರಿಕೊಂಡ. ಸುಮಾರು ಎರಡು ವರ್ಷದಲ್ಲಿ ತಂಗಿ ಮಾರ್ಗರೆಟ್, ಅಕ್ಕನ ಜೀವದ ಗೆಳತಿಯಾಗಿದ್ದವಳು, ತನಗಿಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿರಿಯನಾದ ಅಲೆಕ್ಸಾಂಡರ್ ಫೋರ್ಡೈಸ್ ಎಂಬ ಶ್ರೀಮಂತ ಬ್ಯಾಂಕರನನ್ನು ಮದುವೆಯಾಗಿ ಲಂಡನ್ನಿಗೆ ಹೊರಟುಹೋದಳು. ಬರಿದಾದ ಮನೆಯಲ್ಲಿ ಆನ್ ಮನಸ್ಸಿನ ಭಾರವನ್ನು ಇಳಿಸಿಕೊಳ್ಳಲು ಪದ್ಯ ಕಟ್ಟತೊಡಗಿದಳು. ಸೋಫಿ ಜಾನ್‌ಸ್ಟನ್ ಎಂಬವಳು ಬಾಲ್ಕಾರಸ್ಸಿನಲ್ಲಿ ಹಾಡುತ್ತಿದ್ದ ಹಳೆಯ ಧಾಟಿಯೊಂದು ಆನಳಿಗೆ ಬಲು ಪ್ರಿಯ. ಧಾಟಿ ಇಂಪಾದುದು, ಅದರ ಮಾತುಗಳು ಮಾತ್ರ ಸಭ್ಯರ ಮುಂದೆ ಆಡತಕ್ಕವಲ್ಲ. ಆ ಧಾಟಿಗೆ ತಕ್ಕ ಮಾತನ್ನು ತಾನೇ ಕೂಡಿಸುವೆನೆಂದು ಹೊರಟು, ಬಡ ಹಳ್ಳಿಗರ ಬಾಳಿನಿಂದ ಎತ್ತಿದ ದುಃಖದ ಕಥೆಯೊಂದನ್ನು ಆರಿಸಿಕೊಂಡಳು.

ಆ ಹಾಡು ಕಟ್ಟಿದ ಬಗೆಯನ್ನು ಆಕೆಯೇ ಮುಪ್ಪಿನಲ್ಲಿ ಕಾದಂಬರಿಕಾರ ವಾಲ್ಟರ್ ಸ್ಕಾಟನಿಗೆ ಬರೆದು ತಿಳಿಸಿದ್ದಾಳೆ. ಕೋಣೆಯಲ್ಲಿ ಪುಟ್ಟ ತಂಗಿ ಎಲಿಜಬೆತ್ ಒಬ್ಬಳೇ ಇದ್ದಳು. ತನ್ನ ಕಥಾನಾಯಿಕೆಯ ಮೇಲೆ ಕಷ್ಟದ ಮೇಲೆ ಕಷ್ಟ ಹೇರುತ್ತಿರುವೆನೆಂದೂ, ಅವಳ ಪ್ರಿಯನನ್ನು ಕಡಲಿಗಟ್ಟಿ, ತಂದೆಯ ತೋಳು ಮುರಿದು, ತಾಯಿಯನ್ನು ಹಾಸಿಗೆ ಹಿಡಿಸಿ, ಮುದುಕನೊಬ್ಬನನ್ನು ವರನನ್ನಾಗಿ ತಂದು ನಿಲ್ಲಿಸಿರುವೆನೆಂದೂ, ಇದರ ಮೇಲೆ ಐದನೆಯ ಸಂಕಟವೊಂದು ಬೇಕಾಗಿರುವುದೆಂದೂ ಅಕ್ಕ ಹೇಳಿದಳಂತೆ. ಆ ಹುಡುಗಿ ಒಂದಿಷ್ಟೂ ಯೋಚಿಸದೆ, ಹಾಗಾದರೆ ಅವರ ಹಸುವನ್ನು ಕದಿಸಿಬಿಡು ಎಂದಳು. ಹಸು ಕೂಡಲೇ ಕಳವಾಯಿತು, ಹಾಡು ಮುಗಿಯಿತು. ಬಡವನ ಕೊಟ್ಟಿಗೆಯಿಂದ ಹಸು ಹೋಯಿತೆಂದರೆ ಆ ಮನೆ ಮುರಿದಂತೆಯೇ ಎಂಬುದನ್ನು ಅರ್ಲನ ಮನೆಯ ಚಿಕ್ಕ ಹುಡುಗಿ ಕಂಡುಕೊಂಡಿದ್ದಳು. ವರನಾದ ಮುದುಕನಿಗೆ ಆನ್ ಆ ಕುರುಬನ ಹೆಸರನ್ನೇ ಇಟ್ಟಳು. ಹೀಗೆ ‘ಆಲ್ಡ್ ರಾಬಿನ್ ಗ್ರೇ’, ಎಂದರೆ ‘ಮುದುಕ ರಾಬಿನ್ ಗ್ರೇ’, ಎಂಬ ಲಾವಣಿ ಹುಟ್ಟಿತು.

ಕಥೆ ಸರಳ. ಹೆತ್ತವರ ಹಸಿವನ್ನು ನೀಗಿಸಿದ ಮುದುಕನ ಉಪಕಾರಕ್ಕೆ ಕಟ್ಟುಬಿದ್ದು, ತಂದೆಯ ಒತ್ತಾಯಕ್ಕೂ ತಾಯಿಯ ಮೌನಕ್ಕೂ ಸೋತು, ಪ್ರಿಯನ ಹಡಗು ಒಡೆಯಿತೆಂಬ ಸುದ್ದಿಯನ್ನು ನಂಬಿ, ಜೆನ್ನಿ ಎಂಬ ಹುಡುಗಿ ಆ ಮುದುಕನನ್ನು ಮದುವೆಯಾಗುತ್ತಾಳೆ. ತಿಂಗಳು ತುಂಬುವುದರಲ್ಲಿ ಪ್ರಿಯ ಬದುಕಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಯಾರೂ ಕೆಟ್ಟವರಲ್ಲ, ಆದರೂ ಎಲ್ಲರ ಬಾಳೂ ಕೆಟ್ಟಿದೆ. ಈ ಕಥೆಯನ್ನು ಓದಿ ಬಾಲ್ಕಾರಸ್ಸಿನ ಕಡೆ ತಿರುಗಿದರೆ, ಮುದುಕನ ಔದಾರ್ಯಕ್ಕೆ ಕರಗಿ ಕೈಹಿಡಿದ ತಾಯಿಯೂ, ಸಿರಿವಂತನನ್ನು ಸೇರಿದ ತಂಗಿಯೂ ಅಲ್ಲಿ ನಮಗೆ ಕಾಣದೆ ಇರುವುದಿಲ್ಲ. ಬರೆಯುವ ಹೆಂಗಸೆಂದು ಗೊತ್ತಾದರೆ ಬರೆಯಲಾರದವರು ದೂರ ಸರಿಯುವರೆಂಬ ಅಂಜಿಕೆಯಿಂದ ಹೆಸರು ಮುಚ್ಚಿಟ್ಟೆನೆಂದು ಆನ್ ಹೇಳಿಕೊಂಡಳು. ಅದು ನಿಜವಿರಬಹುದು, ಆದರೆ ಸ್ವಂತ ಮನೆಯ ಕಥೆಯನ್ನು ಒಕ್ಕಲಿಗರ ಹುಡುಗಿಯ ಬಾಯಲ್ಲಿ ಆಡಿಸಿದವಳಿಗೆ ಅದರ ಕೆಳಗೆ ರುಜು ಹಾಕಲು ಕೈ ಬಾರದಿದ್ದುದೂ ಸಹಜವೇ.

ಮಾರ್ಗರೆಟಳ ಸಿರಿ ಬಹಳ ದಿನ ಉಳಿಯಲಿಲ್ಲ. 1772ರ ಜೂನ್ ತಿಂಗಳಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ಷೇರುಗಳ ಬೆಲೆ ಇಳಿಯುವುದೆಂದು ಪಣ ಹೂಡಿ ಸೋತ ಫೋರ್ಡೈಸ್ ದೇಶಬಿಟ್ಟು ಓಡಿದ. ಅವನ ಬ್ಯಾಂಕು ಬಾಗಿಲು ಹಾಕಿತು. ಆ ಪೆಟ್ಟಿಗೆ ಲಂಡನ್ನಿನಿಂದ ಎಡಿನ್‌ಬರೋವರೆಗೆ ಹಣದ ವ್ಯವಹಾರವೆಲ್ಲ ತತ್ತರಿಸಿತು. ಆನ್ ತಂಗಿಯ ಆಸರೆಗೆಂದು ಲಂಡನ್ನಿಗೆ ಬಂದಳು. ಅಕ್ಕತಂಗಿಯರು ಕೂಡಿ ಬಾಳಿದರು. ಎಡಿನ್‌ಬರೋದಲ್ಲಿ ಡೇವಿಡ್ ಹ್ಯೂಮನನ್ನೂ ಡಾಕ್ಟರ್ ಜಾನ್ಸನ್ನನನ್ನೂ ಕಂಡಿದ್ದ ಈಕೆಯ ಮಾತಿನ ಸೊಗಸು ಲಂಡನ್ನಿನಲ್ಲಿ ಯುವರಾಜನವರೆಗೆ ಎಲ್ಲರನ್ನೂ ಸೆಳೆಯಿತು. ಹೆನ್ರಿ ಡುಂಡಾಸನಂಥ ರಾಜಕಾರಣಿಗಳು ಆಕೆಯ ಕೈ ಬೇಡಿದರು. ಆಕೆ ಯಾರಿಗೂ ಒಪ್ಪಲಿಲ್ಲ.

ಈ ನಡುವೆ ಹಾಡು ಕೈಬರಹದಲ್ಲಿ ಹರಡಿ, ಅಚ್ಚಿಗೂ ಏರಿ, ಬೀದಿಯ ಸೊತ್ತಾಗಿತ್ತು. ವಿಲಿಯಂ ಲೀವ್ಸ್ ಎಂಬ ಪಾದ್ರಿ ಅದಕ್ಕೆ ಹೊಸ ಧಾಟಿ ಕೂಡಿಸಿದ. ಅವನೂ ಆ ಧಾಟಿ ತನ್ನದೆಂದು ಬಹಿರಂಗವಾಗಿ ಹೇಳಿಕೊಂಡದ್ದು 1812ರಲ್ಲಿ. ಹಾಡು ಹದಿನಾರನೆಯ ಶತಮಾನದ ರಚನೆಯೆಂದು ವಾದಿಸಿದವರುಂಟು. ಕರ್ತೃವನ್ನು ಪತ್ತೆಮಾಡಿದವರಿಗೆ 20 ಗಿನಿ ಬಹುಮಾನವೆಂದು ಪತ್ರಿಕೆಯಲ್ಲಿ ಪ್ರಕಟವಾಯಿತು. ಪುರಾತತ್ತ್ವ ಸಂಘದ ಕಾರ್ಯದರ್ಶಿ ಆನಳ ಮನೆಗೇ ಬಂದು ಕೆದಕಿ ಕೇಳಿ, ಬರಿಗೈಯಲ್ಲಿ ಹಿಂದಿರುಗಿದ. ಆದರೆ ಆಕೆಯ ಕಿಟಕಿಯ ಕೆಳಗೇ ಬೀದಿಯಾಟದವರು ಕುಣಿಯುವ ನಾಯಿಗಳಿಂದ ರಾಬಿನ್ ಗ್ರೇಯ ಪ್ರಣಯಪ್ರಸಂಗವನ್ನು ಆಡಿಸಿದ ದಿನವೊಂದು ಬಂತು. ವಿದ್ವಾಂಸರ ಜಿಜ್ಞಾಸೆಗಿಂತ ಆ ನಾಯಿಗಳ ಕುಣಿತವೇ ತನಗೆ ಕೀರ್ತಿಯ ನಿಜವಾದ ಗುರುತಾಗಿ ಕಂಡಿತೆಂದು ಆಕೆ ಬರೆದಿದ್ದಾಳೆ.

ಹೆಣ್ಣುಮಕ್ಕಳು ಮದುವೆಯ ಮೂಲಕ, ಗಂಡುಮಕ್ಕಳು ಹಡಗಿನ ಮೂಲಕ: ಬಾಲ್ಕಾರಸ್ಸಿನಂಥ ಬಡ ಕುಲೀನರ ಮನೆಗಳು ಬದುಕಿಕೊಂಡದ್ದು ಹೀಗೆ. ಹಾಡಿನೊಳಗಿನ ಪ್ರಿಯನಂತೆ ತಮ್ಮಂದಿರು ಒಬ್ಬೊಬ್ಬರಾಗಿ ಕಡಲಿಗಿಳಿದರು. ಹಿರಿಯನಾದ ಅಲೆಕ್ಸಾಂಡರ್ ಅಮೆರಿಕದ ಯುದ್ಧದಲ್ಲಿ ಹೋರಾಡಿ, ಮುಂದೆ ಜಮೈಕಾದ ಗವರ್ನರಾದ. ರಾಬರ್ಟ್ ಬಂಗಾಳದ ಸಿಲ್ಹೆಟ್ಟಿನಲ್ಲಿ ಕಲೆಕ್ಟರಾಗಿದ್ದುಕೊಂಡೇ ಸುಣ್ಣದ ವ್ಯಾಪಾರ ನಡೆಸಿ, ಆನೆಗಳನ್ನೂ ಹಿಡಿಸಿ ಮಾರಿ, ಗಳಿಸಿದ ಹಣದಿಂದ ಬಾಲ್ಕಾರಸ್ ಮನೆಯನ್ನೇ ಅಣ್ಣನಿಂದ ಕ್ರಯಕ್ಕೆ ಪಡೆದ. ಜೇಮ್ಸ್ 1783ರಲ್ಲಿ ಕಡಲೂರಿನ ಯುದ್ಧದಲ್ಲಿ ಮಡಿದ. ಇನ್ನು ಜಾನ್ ಎಂಬವನ ಕಥೆ ನಮ್ಮ ನೆಲಕ್ಕೆ ಸೇರಿದುದು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರನ ಸೈನ್ಯವೂ ಟಿಪ್ಪುವಿನ ದಳವೂ ಕರ್ನಲ್ ಬೇಯ್ಲಿಯ ಪಡೆಯನ್ನು ಸುತ್ತುವರಿದು ಮುರಿದಾಗ ಸೆರೆಸಿಕ್ಕವರಲ್ಲಿ ಈ ತರುಣನೂ ಒಬ್ಬ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯ ಮೇಲೆ ಆ ಕಾಳಗದ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿಯನ್ನು ನಾವೆಲ್ಲ ನೋಡಿದ್ದೇವೆ. ಅವನ ಸುತ್ತ ಚೌಕಾಕಾರವಾಗಿ ನಿಂತ ಕೆಂಪಂಗಿಯವರ ನಡುವೆ ಒಬ್ಬ ಕವಯಿತ್ರಿಯ ತಮ್ಮನಿದ್ದನೆಂದು ನಮಗೆ ಯಾರೂ ಹೇಳಲಿಲ್ಲ. ಬೇಯ್ಲಿ 1782ರಲ್ಲಿ ಸೆರೆಮನೆಯಲ್ಲಿಯೇ ತೀರಿಕೊಂಡ. 1784ರ ಮಂಗಳೂರು ಒಪ್ಪಂದದಿಂದ ಉಳಿದವರಿಗೆ ಬಿಡುಗಡೆಯಾಯಿತು. ಶ್ರೀರಂಗಪಟ್ಟಣದ ಸೆರೆಯಲ್ಲಿ ಕಳೆದ ದಿನಗಳ ದಿನಚರಿಯೊಂದನ್ನು ಜಾನ್ ಬರೆದಿಟ್ಟ, ಮುಂದೆ ಅದು ವಂಶದ ಚರಿತ್ರೆಯೊಡನೆ ಅಚ್ಚಾಯಿತು. ಕಡಲಾಚೆ ಹೋದವನು ಸತ್ತನೋ ಬದುಕಿರುವನೋ ತಿಳಿಯದೆ ಕಾಯುವ ಸಂಕಟವನ್ನು ಅಕ್ಕ ಹತ್ತು ವರ್ಷ ಮೊದಲೇ ಹಾಡಾಗಿ ಕಟ್ಟಿದ್ದಳು. ತಮ್ಮನು ಬೇಡಿ ತೊಟ್ಟು ಕಾವೇರಿಯ ದ್ವೀಪದಲ್ಲಿದ್ದಾಗ ಬ್ರಿಟನ್ನಿನ ಬೀದಿಗಳು ಅದನ್ನೇ ಹಾಡುತ್ತಿದ್ದವು.

ನಾಲ್ವತ್ತೆರಡನೆಯ ವಯಸ್ಸಿನಲ್ಲಿ, 1793ರಲ್ಲಿ, ಆನ್ ಎಲ್ಲರನ್ನೂ ಬೆರಗುಗೊಳಿಸಿ ಮದುವೆಯಾದಳು. ವರ ಆಂಡ್ರೂ ಬಾರ್ನಾರ್ಡ್, ಐರ್ಲೆಂಡಿನ ಬಿಷಪ್ಪನೊಬ್ಬನ ಮಗ. ಕೈಯಲ್ಲಿ ಕಾಸಿಲ್ಲದವನು, ಆಕೆಗಿಂತ ಸುಮಾರು ಹನ್ನೆರಡು ವರ್ಷ ಕಿರಿಯ. ತಾಯಿಯೂ ತಂಗಿಯೂ ನಡೆದ ದಾರಿಗೆ ಇದು ನೇರವಾಗಿ ವಿರುದ್ಧವಾದುದು. ಗಂಡನಿಗೊಂದು ಉದ್ಯೋಗ ಕೊಡಿಸಬೇಕೆಂದು ಹಳೆಯ ಪ್ರಣಯಿಯಾದ ಡುಂಡಾಸನನ್ನು ಬಿಡದೆ ಕಾಡಿ, ಡಚ್ಚರಿಂದ ಹೊಸದಾಗಿ ಕಸಿದುಕೊಂಡಿದ್ದ ಕೇಪ್ ವಸಾಹತಿನ ಕಾರ್ಯದರ್ಶಿ ಪದವಿಯನ್ನು ಗಳಿಸಿಕೊಟ್ಟಳು. 1797ರಲ್ಲಿ ದಂಪತಿಗಳು ಕೇಪ್‌ಟೌನಿನಲ್ಲಿ ಇಳಿದರು. ಗವರ್ನರ್ ಮೆಕಾರ್ಟ್ನಿಯ ಪತ್ನಿ ಜೊತೆಗೆ ಬಾರದಿದ್ದುದರಿಂದ ಕೋಟೆಯ ಅತಿಥಿಸತ್ಕಾರವೆಲ್ಲ ಆನಳ ಪಾಲಿಗೆ ಬಂತು. ಸೋತು ಮುನಿದಿದ್ದ ಡಚ್ಚರನ್ನು ಔತಣಕ್ಕೂ ನೃತ್ಯಕ್ಕೂ ಕರೆದು ಒಲಿಸಿಕೊಳ್ಳಲೆತ್ನಿಸಿದಳು. ಗಂಡಸರ ಷರಾಯಿ ತೊಟ್ಟು ಟೇಬಲ್ ಪರ್ವತವನ್ನೇರಿದಳು. ಎತ್ತಿನ ಗಾಡಿಯಲ್ಲಿ ಒಳನಾಡು ಸುತ್ತಿ, ಕಂಡುದನ್ನು ಚಿತ್ರ ಬಿಡಿಸಿದಳು, ಡುಂಡಾಸನಿಗೆ ಪತ್ರ ಬರೆದಳು. ಆ ಕಾಲದ ಕೇಪಿನ ಬಾಳುವೆಯನ್ನು ಅರಿಯಬೇಕಾದವರು ಇಂದಿಗೂ ಮೊರೆಹೋಗುವುದು ಆ ಪತ್ರಗಳನ್ನೇ.

ಇಲ್ಲಿಯೂ ನಮ್ಮ ನಾಡಿನ ನೆರಳು ಬೀಳುತ್ತದೆ. ಒಪ್ಪಂದದಿಂದ ಜಾನನಿಗೆ ಬಿಡುಗಡೆಯಾದಾಗ ಮದರಾಸಿನ ಗವರ್ನರಾಗಿದ್ದವನು ಇದೇ ಮೆಕಾರ್ಟ್ನಿ. ಜಾನನೊಡನೆ ಶ್ರೀರಂಗಪಟ್ಟಣದಲ್ಲಿ ಸೆರೆಯಿದ್ದ ಡೇವಿಡ್ ಬೇರ್ಡ್ ಆಗ ಕೇಪಿನ ಸೇನಾನಾಯಕರಲ್ಲಿ ಒಬ್ಬ. 1798ರ ಆದಿಯಲ್ಲಿ, ಗವರ್ನರ್ ಜನರಲ್ಲಾಗಿ ಕಲ್ಕತ್ತೆಗೆ ಹೊರಟಿದ್ದ ಮಾರ್ನಿಂಗ್ಟನ್, ಮುಂದೆ ವೆಲ್ಲೆಸ್ಲಿಯೆಂದು ಹೆಸರಾದವನು, ಅಲ್ಲಿಯೇ ತಂಗಿ, ಟಿಪ್ಪುವಿನ ವಿಷಯವನ್ನು ಬಲ್ಲವರಿಂದ ಕೇಳಿ ತಿಳಿದುಕೊಂಡ. ಮರುವರ್ಷದ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದೆ ಇದ್ದವನು ಬೇರ್ಡ್.

ಶಾಂತಿಸಂಧಾನದ ಮೇರೆಗೆ ಕೇಪ್ ಡಚ್ಚರಿಗೆ ಹಿಂದಿರುಗಬೇಕಾಗಿ ಬಂದಾಗ, 1802ರಲ್ಲಿ, ಆನ್ ತಾಯ್ನಾಡಿಗೆ ಮರಳಿದಳು. ಬ್ರಿಟಿಷರು ಆ ನಾಡನ್ನು ಮತ್ತೆ ಹಿಡಿದ ಮೇಲೆ 1807ರಲ್ಲಿ ಬಾರ್ನಾರ್ಡ್ ಒಬ್ಬನೇ ಅಲ್ಲಿಗೆ ಹೋಗಿ, ಅದೇ ವರ್ಷ ಅಲ್ಲಿಯೇ ಮೃತನಾದ. ಅಲ್ಲಿಯ ದಾಸಿಯೊಬ್ಬಳಲ್ಲಿ ಅವನಿಗೆ ಮಗಳೊಬ್ಬಳಿದ್ದಳೆಂಬುದೂ ಆನಳಿಗೆ ತಿಳಿದುಬಂತು. ಮಕ್ಕಳಿಲ್ಲದ ವಿಧವೆ ಆ ಹುಡುಗಿಯನ್ನು, ಕ್ರಿಸ್ಟಿನಾ ಎಂಬವಳನ್ನು, ಲಂಡನ್ನಿಗೆ ಕರೆಸಿ ತನ್ನ ಮನೆಯಲ್ಲಿ ಬೆಳೆಸಿದಳು. ಮುಂದೆ ಆನ್ ಜೀವನವೃತ್ತಾಂತವನ್ನು ಬರೆದಾಗ ಶುದ್ಧಪ್ರತಿ ಮಾಡಿಕೊಟ್ಟವಳು ಅವಳೇ. ದಾಸ್ಯದ ಆ ಯುಗದಲ್ಲಿ ಕುಲೀನಳೊಬ್ಬಳು ಇಷ್ಟನ್ನು ಮಾಡಿದಳೆಂಬುದು ಆಕೆಯ ಯಾವ ಪದ್ಯಕ್ಕೂ ಕಡಮೆಯಾದುದಲ್ಲ.

ಹಾಡಿನ ಗುಟ್ಟು ರಟ್ಟಾದುದು ಸ್ಕಾಟನಿಂದ. ‘ದಿ ಪೈರೇಟ್’ ಎಂಬ ಕಾದಂಬರಿಯಲ್ಲಿ ಅವನು ಈ ಲಾವಣಿಯನ್ನು ಲೇಡಿ ಆನ್ ಲಿಂಡ್ಸೆಯದೆಂದು ಹೆಸರು ಹಿಡಿದೇ ಹೇಳಿಬಿಟ್ಟ. 1823ರಲ್ಲಿ ಎಪ್ಪತ್ತು ದಾಟಿದ ಮುದುಕಿ ಅವನಿಗೆ ಪತ್ರ ಬರೆದು ಎಲ್ಲವನ್ನೂ ಒಪ್ಪಿಕೊಂಡಳು. ಜೊತೆಗೆ ಉತ್ತರಭಾಗವೊಂದನ್ನೂ ಕಳುಹಿಸಿದಳು. ಅದನ್ನು ಬರೆದದ್ದು ತಾಯಿಗಾಗಿ. ಜೆನ್ನಿಯ ಪಾಡು ಕೊನೆಗೆ ಏನಾಯಿತೆಂದು ತಿಳಿಯಬೇಕೆಂಬ ಆಸೆ, ತೊಂಬತ್ತು ದಾಟಿ ಬದುಕಿದ ಆ ತಾಯಿಗಿತ್ತು. ಮುದುಕನನ್ನು ಕೈಹಿಡಿದವಳ ಕಥೆಯನ್ನು ಕೇಳುವ ಹಕ್ಕು ಆಕೆಗಿಂತ ಹೆಚ್ಚಾಗಿ ಬೇರೆ ಯಾರಿಗಿತ್ತು? ಅದರಲ್ಲಿ ರಾಬಿನ್ ಗ್ರೇ ಸಾಯುವ ಮುನ್ನ, ಜೆನ್ನಿಯ ಮೇಲಣ ಆಸೆಯಿಂದ ಹಸುವನ್ನು ಕದ್ದವನು ತಾನೇ ಎಂದು ಒಪ್ಪಿಕೊಳ್ಳುತ್ತಾನೆ, ಪ್ರೇಮಿಗಳು ಒಂದಾಗುತ್ತಾರೆ. ಕಳ್ಳ ಸಿಕ್ಕ, ಲೆಕ್ಕ ಚುಕ್ತವಾಯಿತು, ಹಾಡು ಮಾತ್ರ ಸತ್ತಿತು. ಯಾರನ್ನೂ ಕೆಟ್ಟವನನ್ನಾಗಿ ಮಾಡದೆ ದುಃಖವನ್ನು ದುಃಖವಾಗಿಯೇ ಬಿಟ್ಟ ಮೊದಲ ಭಾಗದ ಸತ್ವ, ಎಲ್ಲರಿಗೂ ನ್ಯಾಯ ಹಂಚಿದ ಎರಡನೆಯದಕ್ಕೆ ಬರಲಿಲ್ಲ. ಜನ ಇಂದಿಗೂ ಹಾಡುವುದು ಮೊದಲನೆಯದನ್ನೇ.

ಸ್ಕಾಟನು ಸಂಪಾದಿಸಿದ ಪ್ರತಿಯನ್ನು 1825ರಲ್ಲಿ ಎಡಿನ್‌ಬರೋದ ಬ್ಯಾನಟೈನ್ ಕ್ಲಬ್ಬು ಮುದ್ರಿಸಿತು. ಅದೇ ವರ್ಷ ಮೇ 6ರಂದು ಲೇಡಿ ಆನ್ ಲಂಡನ್ನಿನಲ್ಲಿ ಕಣ್ಣು ಮುಚ್ಚಿದಳು. ಜೀವನವೃತ್ತಾಂತವನ್ನು ಅಚ್ಚು ಮಾಡಿಸಕೂಡದೆಂದು ಮನೆಯವರಿಗೆ ಕಟ್ಟಳೆ ವಿಧಿಸಿದ್ದಳು. ಹಾಡನ್ನು ಮಾತ್ರ, ಕಡೆಯ ಗಳಿಗೆಯಲ್ಲಿಯಾದರೂ, ತನ್ನದೆಂದಳು.