ಮುರಳೀಕಾಂತ್ ಪೇಟ್ಕರ್: ಮೂವತ್ತೇಳು ಸೆಕೆಂಡುಗಳ ಸಾಧನೆ, ನಲವತ್ತಾರು ವರ್ಷಗಳ ನಿರೀಕ್ಷೆ

ಪ್ಯಾರಾಲಿಂಪಿಕ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊಟ್ಟಮೊದಲ ಚಿನ್ನದ ಪದಕವನ್ನು ತಂದವರು ಈಜುಗಾರ ಮುರಳೀಕಾಂತ್ ಪೇಟ್ಕರ್. 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್ ನಗರದಲ್ಲಿ ಅವರು ಈ ಸಾಧನೆ ಮಾಡಿದರು. ಅಭಿನವ್ ಬಿಂದ್ರಾ ಅವರು ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕ ಚಿನ್ನ ಗೆದ್ದುದು 2008ರಲ್ಲಿ. ಇಷ್ಟಾದರೂ ಪೇಟ್ಕರ್ ಅವರ ಹೆಸರು ಬಹುಕಾಲ ನಮ್ಮಲ್ಲಿ ಅನೇಕರ ಕಿವಿಗೆ ಬಿದ್ದಿರಲಿಲ್ಲ. ಅವರ ಜೀವನವನ್ನೂ, ಆ ಮರೆವಿನ ಕಾರಣಗಳನ್ನೂ ಇಲ್ಲಿ ಸಂಕ್ಷಿಪ್ತವಾಗಿ ಪರಿಚಯಿಸುತ್ತಿದ್ದೇವೆ.

ಬಾಲ್ಯ ಮತ್ತು ಸೈನ್ಯ

ಪೇಟ್ಕರ್ ಅವರು 1944ರಲ್ಲಿ, ಕರ್ನಾಟಕದ ಗಡಿಗೆ ಹೊಂದಿಕೊಂಡಿರುವ ಸಾಂಗ್ಲಿ ಜಿಲ್ಲೆಯ ಪೇಠ್ ಇಸ್ಲಾಂಪುರದಲ್ಲಿ ಜನಿಸಿದರು. ಕುಸ್ತಿಯ ಮಣ್ಣಿನಲ್ಲಿ ಬೆಳೆದ ಹುಡುಗ ಎಳೆಯ ವಯಸ್ಸಿನಲ್ಲೇ ಸೈನ್ಯವನ್ನು ಸೇರಿ, ಇ.ಎಂ.ಇ. ವಿಭಾಗದಲ್ಲಿ ಕುಶಲಕರ್ಮಿ ಸೈನಿಕನಾದರು. ಅಲ್ಲಿ ಅವರು ಹೆಸರು ಮಾಡಿದ್ದು ಬಾಕ್ಸಿಂಗ್‌ನಲ್ಲಿ. 1964ರಲ್ಲಿ ಟೋಕಿಯೋದಲ್ಲಿ ನಡೆದ ಸೇನಾ ಕ್ರೀಡಾಕೂಟದಲ್ಲಿಯೂ ಭಾಗವಹಿಸಿದರು.

ಮರುವರ್ಷವೇ ಭಾರತ-ಪಾಕಿಸ್ತಾನ ಯುದ್ಧ ಆರಂಭವಾಯಿತು. ರಣರಂಗದಲ್ಲಿ ಅವರಿಗೆ ಹಲವು ಗುಂಡುಗಳು ತಗುಲಿದವು. ನೆಲಕ್ಕುರುಳಿದ ಅವರ ಮೇಲೆ ವಾಹನವೊಂದು ಹರಿಯಿತು. ಬೆನ್ನುಹುರಿಯ ಬಳಿ ಸೇರಿದ ಒಂದು ಗುಂಡನ್ನು ತೆಗೆಯಲಾಗಲಿಲ್ಲ. ಸೊಂಟದ ಕೆಳಭಾಗ ಸ್ವಾಧೀನ ತಪ್ಪಿತು. ಆಗ ಅವರಿಗೆ ಇಪ್ಪತ್ತು ವರ್ಷ.

ನೀರು ಕೊಟ್ಟ ಬಲ

ಮುಂಬಯಿಯ ನೌಕಾಪಡೆಯ ಆಸ್ಪತ್ರೆ 'ಅಶ್ವಿನಿ'ಯಲ್ಲಿ ದೀರ್ಘ ಚಿಕಿತ್ಸೆ ನಡೆಯಿತು. ನೀರು ದೇಹದ ಭಾರವನ್ನು ತಾನೇ ಹೊರುವುದರಿಂದ, ಬೆನ್ನುಹುರಿಗೆ ಪೆಟ್ಟಾದವರಿಗೆ ಈಜು ಉತ್ತಮ ವ್ಯಾಯಾಮ. ಚಿಕಿತ್ಸೆಯ ರೂಪದಲ್ಲಿ ಆರಂಭವಾದ ಈಜು ಪೇಟ್ಕರ್ ಅವರಿಗೆ ಕ್ರಮೇಣ ಸ್ಪರ್ಧೆಯ ಹಾದಿಯಾಯಿತು. ಅಂಗವಿಕಲರಿಗಾಗಿ ದುಡಿಯುತ್ತಿದ್ದ ಕ್ರಿಕೆಟಿಗ ವಿಜಯ್ ಮರ್ಚೆಂಟ್ ಅವರ ಸಂಸ್ಥೆಯ ನೆರವೂ ಅವರಿಗೆ ದೊರೆಯಿತು. ಭಾರತವು ಮೊದಲ ಬಾರಿಗೆ ತಂಡ ಕಳುಹಿಸಿದ 1968ರ ಟೆಲ್ ಅವೀವ್ ಕೂಟದಲ್ಲಿ ಅವರು ಟೇಬಲ್ ಟೆನಿಸ್ ಆಡಿದರು.

ಹೈಡಲ್‌ಬರ್ಗ್, 1972

ಹೈಡಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜಿನ ಮೂರನೆಯ ವರ್ಗದಲ್ಲಿ ಪೇಟ್ಕರ್ ಸ್ಪರ್ಧಿಸಿದರು. ದೇಹದಲ್ಲಿ ಉಳಿದಿರುವ ಶಕ್ತಿಯ ಪ್ರಮಾಣವನ್ನು ಅನುಸರಿಸಿ ಸ್ಪರ್ಧಿಗಳನ್ನು ವಿಂಗಡಿಸುವುದೇ ಇಂತಹ ವರ್ಗೀಕರಣದ ಉದ್ದೇಶ. ಸಾಮಾನ್ಯ ಈಜುಗಾರನು ಕಾಲು ಬಡಿಯುವುದರಿಂದ ಮುಂದೆ ಸಾಗುವುದಲ್ಲದೆ ಸೊಂಟವನ್ನೂ ನೀರಿನ ಮಟ್ಟದಲ್ಲಿ ಇರಿಸಿಕೊಳ್ಳುತ್ತಾನೆ. ಕಾಲುಗಳು ಸ್ವಾಧೀನದಲ್ಲಿ ಇಲ್ಲದವರಿಗೆ ಅವು ಕೆಳಕ್ಕೆ ಜಗ್ಗುವ ಭಾರವಾಗುತ್ತವೆ. ದೇಹವನ್ನು ಮುಂದಕ್ಕೆ ಎಳೆಯುವ ಕೆಲಸವೂ, ಸಮತೋಲ ಕಾಯುವ ಕೆಲಸವೂ ಭುಜ ಮತ್ತು ತೋಳುಗಳ ಮೇಲೆಯೇ ಬೀಳುತ್ತದೆ. ಪೇಟ್ಕರ್ ಅವರು ಹೀಗೆ 37.33 ಸೆಕೆಂಡುಗಳಲ್ಲಿ ಗುರಿ ಮುಟ್ಟಿ, ವಿಶ್ವದಾಖಲೆಯೊಡನೆ ಚಿನ್ನ ಗೆದ್ದರು. ಅದೇ ಕೂಟದ ಜಾವೆಲಿನ್ ಎಸೆತ ಮತ್ತು ಗಾಲಿಕುರ್ಚಿಯ ಸ್ಲಾಲಂ ಸ್ಪರ್ಧೆಗಳಲ್ಲಿಯೂ ಅಂತಿಮ ಸುತ್ತು ತಲುಪಿದ್ದರು.

ಮರೆವಿಗೆ ಕಾರಣಗಳು

ಆ ವರ್ಷದ ಒಲಿಂಪಿಕ್ಸ್ ನಡೆದುದು ಮ್ಯೂನಿಕ್‌ನಲ್ಲಿ. ಅಲ್ಲಿನ ಕ್ರೀಡಾಗ್ರಾಮವನ್ನು ಖಾಸಗಿ ವಾಸದ ಮನೆಗಳಾಗಿ ಪರಿವರ್ತಿಸಬೇಕಾಗಿದ್ದುದರಿಂದ ಅಂಗವಿಕಲರ ಕೂಟಕ್ಕೆ ಬೇರೆ ಊರನ್ನು ಹುಡುಕಲಾಯಿತು. ಆಗಸ್ಟ್ ತಿಂಗಳ ಮೊದಲ ಭಾಗದಲ್ಲೇ, ಒಲಿಂಪಿಕ್ಸ್‌ಗಿಂತ ಮುಂಚೆ, ಆ ಕೂಟ ಮುಗಿದುಹೋಯಿತು. ಅದರ ಹೆಸರೂ ಆಗ ಬೇರೆಯೇ. 1948ರಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಗಾಯಾಳು ಸೈನಿಕರಿಗಾಗಿ ಆರಂಭಿಸಿದ ಕ್ರೀಡೆಗಳ ಹೆಸರಿನಲ್ಲೇ ಅದು ನಡೆಯುತ್ತಿತ್ತು. ಅಂತಾರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ಸ್ಥಾಪನೆಯಾದದ್ದು 1989ರಲ್ಲಿ. ಊರು ಬೇರೆ, ಹೆಸರು ಬೇರೆ. ಚಿನ್ನವನ್ನು ದೇಶದ ಕ್ರೀಡಾಚರಿತ್ರೆಯಲ್ಲಿ ಎಲ್ಲಿ ಬರೆದಿಡಬೇಕೆಂಬುದೇ ತೋಚದ ಸ್ಥಿತಿ. ಭಾರತಕ್ಕೆ ಎರಡನೆಯ ಪ್ಯಾರಾಲಿಂಪಿಕ್ ಚಿನ್ನ ಬಂದುದು 32 ವರ್ಷಗಳ ನಂತರ, 2004ರ ಅಥೆನ್ಸ್‌ನಲ್ಲಿ, ಜಾವೆಲಿನ್ ಎಸೆತಗಾರ ದೇವೇಂದ್ರ ಝಝಾರಿಯಾ ಅವರಿಂದ.

ತಡವಾಗಿ ಬಂದ ಗೌರವ

ಪೇಟ್ಕರ್ ಪುಣೆಯಲ್ಲಿ ನೆಲೆಸಿ, ಟೆಲ್ಕೊ ಕಾರ್ಖಾನೆಯಲ್ಲಿ ನೌಕರಿ ಮಾಡಿದರು. 1982ರಲ್ಲಿ ಅರ್ಜುನ ಪ್ರಶಸ್ತಿಗಾಗಿ ಸಲ್ಲಿಸಿದ ಅವರ ಮನವಿ ಫಲಿಸಲಿಲ್ಲ. ಝಝಾರಿಯಾ ಅವರಿಗೆ 2012ರಲ್ಲಿ, ಲಂಡನ್ ಕೂಟದಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದ ನಮ್ಮ ಹಾಸನ ಜಿಲ್ಲೆಯ ಗಿರೀಶ್ ಅವರಿಗೆ 2013ರಲ್ಲಿ ಪದ್ಮಶ್ರೀ ಸಂದಿತು. ಹಾದಿ ತೆರೆದ ಹಿರಿಯರಿಗೆ ಅದೇ ಗೌರವ ದೊರೆತದ್ದು 2018ರಲ್ಲಿ, ಗೆದ್ದು 46 ವರ್ಷಗಳಾದ ಮೇಲೆ. 2024ರಲ್ಲಿ ಕಬೀರ್ ಖಾನ್ ನಿರ್ದೇಶನದ 'ಚಂದು ಚಾಂಪಿಯನ್' ಹಿಂದಿ ಚಿತ್ರ ಅವರ ಕಥೆಯನ್ನು ಮನೆಮನೆಗೆ ಮುಟ್ಟಿಸಿತು. 2025ರ ಜನವರಿಯಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಜೀವಮಾನ ಸಾಧನೆಗಾಗಿ ಅರ್ಜುನ ಪ್ರಶಸ್ತಿಯೂ ಬಂದಿತು.

2024ರ ಪ್ಯಾರಿಸ್ ಕೂಟದಲ್ಲಿ ನಮ್ಮ ವಿಕಲಚೇತನ ಕ್ರೀಡಾಪಟುಗಳು 7 ಚಿನ್ನ ಸೇರಿ 29 ಪದಕ ಗಳಿಸಿದರು. ತರಬೇತುದಾರರು, ಸರ್ಕಾರದ ನೆರವು, ದೂರದರ್ಶನದ ಪ್ರಸಾರ ಎಲ್ಲವೂ ಅವರ ಬೆನ್ನಿಗಿದ್ದವು. ಇವು ಯಾವುವೂ ಇಲ್ಲದ ಕಾಲದಲ್ಲಿ ಒಬ್ಬ ಗಾಯಾಳು ಸೈನಿಕ ಬರೀ ತೋಳ್ಬಲದಿಂದ ಈಜಿ ದಡ ಸೇರಿದರೆಂಬುದನ್ನು ನಾವು ನೆನೆಯಬೇಕು. ಸಾಧಕನಿಗೆ ಸನ್ಮಾನ ಸಕಾಲದಲ್ಲಿ ಸಲ್ಲಬೇಕಾದರೆ, ಸಾಧನೆಯನ್ನು ಅಂದೇ ಬರೆದಿಡುವವರೂ, ಅದನ್ನು ಮರೆಯದೆ ಹೇಳುವವರೂ ಇರಬೇಕಾಗುತ್ತದೆ.