ಗುಜರಿ ಪಿಕಪ್‌ನ ಇಂಜಿನ್, ಹಳೇ ಸ್ಪೋರ್ಟ್ಸ್ ಕಾರಿನ ಓಟ

ಅಮೆರಿಕದ ಗುಜರಿಗಳಲ್ಲಿ ಕಳೆದ ಎರಡು ದಶಕಗಳಿಂದ ಒಂದು ಇಂಜಿನ್ನನ್ನು ಹುಡುಕಿಕೊಂಡು ಬರುವವರು ಬಹಳ. ಅದು ರೇಸ್ ಕಾರಿನದ್ದಲ್ಲ, ಶೆವ್ರೊಲೆ ಸಿಲ್ವೆರಾಡೊ ಎಂಬ ಪಿಕಪ್‌ನದ್ದು. ಅಲ್ಲಿನವರು ಟ್ರಕ್ ಎಂದಾಗ ನಮ್ಮ ಹತ್ತು ಚಕ್ರದ ಲಾರಿಯನ್ನು ನೆನೆಯಬೇಡಿ. ಮುಂದೆ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ ಇರುವ ಗಾಡಿ ಅದು. ರೈತರು ಅದರಲ್ಲಿ ಮೇವು ಹೇರುತ್ತಾರೆ, ಗಾರೆ ಕೆಲಸದವರು ಸಿಮೆಂಟ್ ಹೇರುತ್ತಾರೆ. ಅಪಘಾತವಾಗಿಯೋ ತುಕ್ಕು ಹಿಡಿದೋ ಅದು ಗುಜರಿ ಸೇರಿದ ಮೇಲೆ ಒಬ್ಬ ಬಂದು ಇಂಜಿನ್ ಬಿಚ್ಚಿಕೊಂಡು ಹೋಗುತ್ತಾನೆ. ಅದನ್ನು ತನ್ನ ಹಳೇ ಸ್ಪೋರ್ಟ್ಸ್ ಕಾರಿನ ಬಾನೆಟ್ ಕೆಳಗೆ ಕೂರಿಸುತ್ತಾನೆ.

ಗಾಡಿ ಎಳೆಯುವ ಕೋಣವನ್ನು ಕಂಬಳದ ಗದ್ದೆಗೆ ಇಳಿಸಿದ ಹಾಗೆ ಕೇಳಿಸುತ್ತದೆ, ನಿಜ. ಆದರೆ ಈ ಕೋಣ ಗೆಲ್ಲುತ್ತದೆ. ಯಾಕೆ ಗೆಲ್ಲುತ್ತದೆ ಎಂದು ತಿಳಿಯಲು 90 ವರ್ಷ ಹಿಂದಕ್ಕೆ ಹೋಗಬೇಕು. ಈ ಚರಿತ್ರೆಯನ್ನು ನಾವು ಇಲ್ಲಿ ಬರೆಯಲು ಇನ್ನೊಂದು ಕಾರಣವೂ ಇದೆ. ದುಡ್ಡು ಕೊಟ್ಟು ಕೊಂಡ ಯಂತ್ರದ ಮೇಲೆ ಯಾರಿಗೆ ಎಷ್ಟು ಹಕ್ಕು ಎಂಬ ಪ್ರಶ್ನೆ ಇದರೊಳಗಿದೆ. ಆ ಪ್ರಶ್ನೆ ಟ್ರ್ಯಾಕ್ಟರ್ ಇಟ್ಟುಕೊಂಡ ಎಲ್ಲರಿಗೂ ಸೇರಿದ್ದು.

ಒಣಗಿದ ಕೆರೆ ಅಂಗಳದಲ್ಲಿ ಶುರು

1932ಕ್ಕೆ ಮೊದಲು ಎಂಟು ಸಿಲಿಂಡರಿನ ವಿ-8 ಇಂಜಿನ್ ಎಂದರೆ ಕ್ಯಾಡಿಲಾಕ್‌ನಂಥ ಸಿರಿವಂತರ ಕಾರಿನ ಮಾತು. ನಾಲ್ಕು ಸಿಲಿಂಡರ್ ಈ ಕಡೆ, ನಾಲ್ಕು ಆ ಕಡೆ, ಇಂಗ್ಲಿಷಿನ ವಿ ಅಕ್ಷರದಂತೆ ಕೂರುವ ಇಂಜಿನ್ ಅದು. ಆ ವರ್ಷ ಹೆನ್ರಿ ಫೋರ್ಡ್ ಕಂಪನಿ ಅದರ ಬ್ಲಾಕನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಅಗ್ಗ ಮಾಡಿತು. 3.6 ಲೀಟರ್, 65 ಎಚ್‌ಪಿ. ಕಾರಿನ ಆರಂಭದ ಬೆಲೆ 500 ಡಾಲರಿಗಿಂತ ಕಡಿಮೆ. ಅದೇ ಇಂಜಿನ್ ಫೋರ್ಡ್ ಟ್ರಕ್ಕುಗಳಲ್ಲೂ ಬಂತು. ಲಕ್ಷಗಟ್ಟಲೆ ತಯಾರಾದದ್ದರಿಂದ ಕೆಲವೇ ವರ್ಷಗಳಲ್ಲಿ ಅದು ಗುಜರಿಗೂ ಬಂತು.

ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಮುರಾಕ್ ಎಂಬ ಕೆರೆಯಿದೆ. ಮಳೆ ಬಂದಾಗ ನೀರು ನಿಂತು, ಬಿಸಿಲಿಗೆ ಒಣಗಿ, ಅಂಗಳ ಮೇಜಿನ ಹಾಗೆ ಸಪಾಟಾಗುತ್ತದೆ. ಕೆಲಸ ಕಾರ್ಯ ಮಾಡಿಕೊಂಡಿದ್ದ ಹುಡುಗರು ಗುಜರಿಯಿಂದ ತಂದ ವಿ-8 ಇಂಜಿನ್ನನ್ನು ಅದಕ್ಕಿಂತ ಹಳೆಯ, ಹಗುರವಾದ ಫೋರ್ಡ್ ಕಾರುಗಳಿಗೆ ಹಾಕಿ ಅಲ್ಲಿ ಓಡಿಸತೊಡಗಿದರು. ಮಡ್‌ಗಾರ್ಡ್ ಕಿತ್ತರು, ಗಾಜು ಕಿತ್ತರು, ಬೇಡದ ಭಾರವನ್ನೆಲ್ಲ ಇಳಿಸಿದರು. 1937ರಲ್ಲಿ ಈ ಹುಡುಗರ ಕ್ಲಬ್ಬುಗಳೆಲ್ಲ ಸೇರಿ ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ಯಾರ ಗಾಡಿ ಎಷ್ಟು ವೇಗ ಓಡಿತು ಎಂದು ಗಡಿಯಾರ ಹಿಡಿದು ಲೆಕ್ಕ ಇಡುವುದು ಅದರ ಕೆಲಸ.

ಎರಡನೇ ಮಹಾಯುದ್ಧದಲ್ಲಿ ಇದೇ ಪೀಳಿಗೆ ಸೈನ್ಯದಲ್ಲಿ ಗಾಡಿ, ವಿಮಾನ, ಟ್ಯಾಂಕುಗಳ ರಿಪೇರಿ ಕಲಿಯಿತು. ಮನೆಗೆ ಮರಳಿದಾಗ ಕೈಯಲ್ಲಿ ಕಸುಬಿತ್ತು. 1948ರ ಜನವರಿಯಲ್ಲಿ 'ಹಾಟ್ ರಾಡ್' ಪತ್ರಿಕೆ ಶುರುವಾಯಿತು. ಒಬ್ಬ ಮೇಸ್ತ್ರಿ ತನ್ನ ಗ್ಯಾರೇಜಿನಲ್ಲಿ ಕಂಡುಕೊಂಡದ್ದು ಮುದ್ರಣವಾಗಿ ಸಾವಿರಾರು ಜನರ ಕೈಗೆ ಹೋಗುವಂತಾಯಿತು.

ಎಲ್ಲಕ್ಕೂ ಒಂದೇ ಇಂಜಿನ್

ಫೋರ್ಡ್ ಇಂಜಿನ್ನಿಗೆ ಒಂದು ಕಾಯಿಲೆಯಿತ್ತು. ಸುಟ್ಟ ಹೊಗೆ ಬ್ಲಾಕಿನ ಒಳಗಿಂದಲೇ ಹಾದು ಹೊರಹೋಗುತ್ತಿದ್ದರಿಂದ ಬೇಗ ಕಾಯುತ್ತಿತ್ತು. 1955ರ ಮಾದರಿಗಳಿಗೆಂದು ಶೆವ್ರೊಲೆ ಕಂಪನಿ ಹೊಸ ವಿ-8 ತಂದಾಗ ಜನ ಅತ್ತ ತಿರುಗಿದರು. ಕಂಪನಿಯ ಮುಖ್ಯ ಇಂಜಿನಿಯರ್ ಎಡ್ ಕೋಲ್ ಅವರ ಮುಂದಾಳತ್ವದಲ್ಲಿ ತಯಾರಾದ ಈ 4.3 ಲೀಟರ್ ಇಂಜಿನ್ ಗಾತ್ರದಲ್ಲಿ ಚಿಕ್ಕದು. ತೂಕದಲ್ಲಿ ಅದೇ ಕಂಪನಿಯ ಆರು ಸಿಲಿಂಡರ್ ಇಂಜಿನ್ನಿಗಿಂತಲೂ ಹಗುರ. ಹೆಸರೇ 'ಸ್ಮಾಲ್ ಬ್ಲಾಕ್' ಎಂದಾಯಿತು.

ಕಂಪನಿ ಅದನ್ನು ಮನೆಮಂದಿಯ ಕಾರಿಗೂ ಹಾಕಿತು, ಪಿಕಪ್‌ಗೂ ಹಾಕಿತು, ಕಾರ್ವೆಟ್ ಎಂಬ ತನ್ನ ಸ್ಪೋರ್ಟ್ಸ್ ಕಾರಿಗೂ ಹಾಕಿತು. ವರ್ಷ ಕಳೆದಂತೆ ಇಂಜಿನ್ ದೊಡ್ಡದಾಯಿತು, ಬಲ ಹೆಚ್ಚಿತು. ಆದರೆ ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದ ಬೋಲ್ಟಿನ ತೂತುಗಳು ದಶಕಗಟ್ಟಲೆ ಇದ್ದಲ್ಲೇ ಇದ್ದವು. ಒಂದು ವರ್ಷದ ಭಾಗ ಇನ್ನೊಂದು ವರ್ಷದ ಗಾಡಿಗೆ ಕೂರುತ್ತಿತ್ತು. 2011ರಲ್ಲಿ ಈ ಮನೆತನದ 10 ಕೋಟಿಯ ಇಂಜಿನ್ ಕಾರ್ಖಾನೆಯಿಂದ ಹೊರಬಂತು. ಇಷ್ಟೊಂದು ಇಂಜಿನ್, ಒಂದಕ್ಕೊಂದು ಹೊಂದುವ ಭಾಗಗಳು: ಗುಜರಿಗೆ ಹೋದವನು ಬರಿಗೈಯಲ್ಲಿ ಮರಳುವ ಮಾತೇ ಇರಲಿಲ್ಲ.

ಚಿಕ್ಕ ಕಾರಿಗೆ ದೊಡ್ಡ ಎದೆ

ಇಂಗ್ಲೆಂಡ್, ಜಪಾನ್, ಜರ್ಮನಿಯ ಸ್ಪೋರ್ಟ್ಸ್ ಕಾರುಗಳ ಗುಣವೇ ಬೇರೆ. ಮೈ ಹಗುರ, ತಿರುವಿನಲ್ಲಿ ಹಿಡಿತ ಚೆನ್ನ, ಇಂಜಿನ್ ಚಿಕ್ಕದು. ಇಂಥ ಮೈಗೆ ಅಮೆರಿಕದ ವಿ-8 ಹಾಕಿ ಜಗತ್ತಿಗೇ ತೋರಿಸಿದವರು ಟೆಕ್ಸಾಸಿನ ಕ್ಯಾರಲ್ ಶೆಲ್ಬಿ. ಒಂದು ಕಾಲಕ್ಕೆ ಕೋಳಿ ಸಾಕಣೆ ಮಾಡಿ ಕೈ ಸುಟ್ಟುಕೊಂಡಿದ್ದ ಶೆಲ್ಬಿ ಮುಂದೆ ರೇಸ್ ಚಾಲಕರಾಗಿ 1959ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಓಟ ಗೆದ್ದರು. ಹೃದಯದ ತೊಂದರೆಯಿಂದ ಚಾಲನೆ ಬಿಟ್ಟ ಮೇಲೆ, 1961ರಲ್ಲಿ ಇಂಗ್ಲೆಂಡಿನ ಎಸಿ ಕಂಪನಿಗೆ ಪತ್ರ ಬರೆದರು. ಆ ಕಂಪನಿಯ ಏಸ್ ಕಾರಿಗೆ ಬರುತ್ತಿದ್ದ 2 ಲೀಟರ್ ಬ್ರಿಸ್ಟಲ್ ಇಂಜಿನ್ನಿನ ಕಾಲ ಮುಗಿದಿತ್ತು. ಫೋರ್ಡ್‌ನ ಹೊಸ ವಿ-8 ಅದರ ಜಾಗಕ್ಕೆ ಬಂತು. 1962ರಲ್ಲಿ ಹುಟ್ಟಿದ ಆ ಕಾರಿನ ಹೆಸರು ಕೋಬ್ರಾ. 1965ರಲ್ಲಿ ಶೆಲ್ಬಿ ತಂಡ ಫೆರಾರಿಯನ್ನು ಹಿಂದಿಕ್ಕಿ ಜಿಟಿ ತಯಾರಕರ ವಿಶ್ವ ಪ್ರಶಸ್ತಿ ಪಡೆಯಿತು.

ಕೋಬ್ರಾಕ್ಕೆ ಸಿಕ್ಕಿದ್ದು ಕಾರ್ಖಾನೆಯ ಹೊಸ ಇಂಜಿನ್. ಕಾಸಿಲ್ಲದವರು ಅದೇ ಪಾಠವನ್ನು ಗುಜರಿಯಲ್ಲಿ ಮಾಡಿದರು. ಜಪಾನಿನ ಡಾಟ್ಸನ್ 240ಝಡ್‌ಗೆ, ಇಂಗ್ಲೆಂಡಿನ ಜಾಗ್ವಾರ್‌ಗೆ ಶೆವ್ರೊಲೆಯ ಸ್ಮಾಲ್ ಬ್ಲಾಕ್ ಹಾಕುವುದು ಮನೆ ಗ್ಯಾರೇಜುಗಳ ಕೆಲಸವಾಯಿತು.

1999ರ ಪಿಕಪ್ ತಂದ ಬದಲಾವಣೆ

1997ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ಕಾರ್ವೆಟ್‌ಗೆ ಎಲ್‌ಎಸ್‌1 ಎಂಬ ಹೊಸ ಇಂಜಿನ್ ಕೊಟ್ಟಿತು. 5.7 ಲೀಟರ್, ಅಲ್ಯೂಮಿನಿಯಂ ಬ್ಲಾಕ್, 345 ಎಚ್‌ಪಿ. ಎಲ್ಲರಿಗೂ ಅದು ಬೇಕಿತ್ತು, ಬೆಲೆ ಮಾತ್ರ ಎಟುಕುತ್ತಿರಲಿಲ್ಲ. 1999ರ ಮಾದರಿಯ ಪಿಕಪ್‌ಗಳಿಗೆ ಇದೇ ವಿನ್ಯಾಸದ 4.8, 5.3 ಮತ್ತು 6 ಲೀಟರ್ ಇಂಜಿನ್‌ಗಳು ಬಂದವು. ಮುಖ್ಯ ವ್ಯತ್ಯಾಸ ಬ್ಲಾಕಿನದು: ಪಿಕಪ್‌ಗೆ ಎರಕದ ಕಬ್ಬಿಣ. ಅದರಿಂದ ಸುಮಾರು 40 ಕಿಲೋ ಭಾರ ಹೆಚ್ಚು. ಆದರೆ ಕಬ್ಬಿಣ ಗಟ್ಟಿ, ಹೆಚ್ಚು ಒತ್ತಡ ತಾಳುತ್ತದೆ. 5.3 ಲೀಟರ್ ಇಂಜಿನ್ 270 ಎಚ್‌ಪಿಯಿಂದ ಶುರುವಾಗಿ ಮುಂದೆ 285ಕ್ಕೆ ಏರಿತು.

ಪಕ್ಕದಲ್ಲಿ ಮಜ್ದಾ ಆರ್‌ಎಕ್ಸ್-7 ಇಟ್ಟು ನೋಡೋಣ. ಅದರ 1986ರ ಮಾದರಿಯ ಬಲ 146 ಎಚ್‌ಪಿ. ಅದರದು ರೋಟರಿ ಇಂಜಿನ್. ಪಿಸ್ಟನ್ ಬದಲು ಒಳಗೆ ಮೂರು ಮೂಲೆಯ ರೋಟರ್ ತಿರುಗುತ್ತದೆ. ಪ್ರತಿ ಮೂಲೆಯಲ್ಲೊಂದು ಸಣ್ಣ ಸೀಲ್. ಆ ಸೀಲ್ ಸವೆದರೆ ಕಂಪ್ರೆಷನ್ ಹೋಯಿತು. ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಬೇಕು. ಮೈ ಚೆನ್ನಾಗಿದ್ದು ಇಂಜಿನ್ ಕೆಟ್ಟ ಕಾರು ಒಂದು ಕಡೆ, ಮೈ ನುಜ್ಜುಗುಜ್ಜಾಗಿ ಇಂಜಿನ್ ಚೆನ್ನಾಗಿರುವ ಪಿಕಪ್ ಇನ್ನೊಂದು ಕಡೆ. ಎರಡನ್ನೂ ಸೇರಿಸಿದರೆ ಒಂದು ಗಾಡಿ ಉಳಿಯುತ್ತದೆ.

ಅಷ್ಟು ದೊಡ್ಡ ಇಂಜಿನ್ ಅಷ್ಟು ಚಿಕ್ಕ ಕಾರಿನಲ್ಲಿ ಹೇಗೆ ಹಿಡಿಯುತ್ತದೆ? ಗುಟ್ಟು ಇರುವುದು ಕ್ಯಾಮ್‌ಶಾಫ್ಟಿನ ಜಾಗದಲ್ಲಿ. ಅನೇಕ ಹೊಸ ವಿ-8ಗಳಲ್ಲಿ ಕ್ಯಾಮ್‌ಶಾಫ್ಟ್ ತಲೆಯ ಮೇಲೆ, ಎರಡೂ ಕಡೆ ಕೂರುತ್ತದೆ. ಅದರಿಂದ ಹೆಡ್ ದೊಡ್ಡದಾಗಿ ಇಂಜಿನ್ ಅಗಲವಾಗುತ್ತದೆ. ಈ ಪಿಕಪ್ ಇಂಜಿನ್ನಿನಲ್ಲಿ ಹಳೇ ಪದ್ಧತಿಯಂತೆ ಒಂದೇ ಕ್ಯಾಮ್‌ಶಾಫ್ಟ್ ಬ್ಲಾಕಿನ ನಡುವೆ ಅಡಗಿದೆ. ಒಳಗೆ ಲೀಟರ್ ಜಾಸ್ತಿ, ಹೊರಗೆ ಗಾತ್ರ ಕಡಿಮೆ.

ಕೂರಿಸುವ ಕೆಲಸ

ಇದು ಒಂದು ದಿನದ ಕೆಲಸವಲ್ಲ. ಮೊದಲು ಇಂಜಿನ್ ನಿಲ್ಲಿಸಲು ಮೌಂಟಿಂಗ್ ಮಾಡಬೇಕು, ಇಲ್ಲವೇ ತಯಾರಿದ್ದದ್ದು ಕೊಳ್ಳಬೇಕು. ಪಿಕಪ್‌ನ ಆಯಿಲ್ ಚೇಂಬರ್ ಆಳವಾದ್ದರಿಂದ ಕಾರಿನ ಮುಂದಿನ ಅಡ್ಡಪಟ್ಟಿಗೆ ತಾಗುತ್ತದೆ. ಕಾರಿನ ಇಂಜಿನ್ನಿನ ತೆಳು ಚೇಂಬರ್ ಹಾಕುತ್ತಾರೆ. ಗಾಳಿ ಒಳಗೆಳೆಯುವ ಮ್ಯಾನಿಫೋಲ್ಡ್ ಎತ್ತರವಾದ್ದರಿಂದ ಬಾನೆಟ್ ಮುಚ್ಚುವುದಿಲ್ಲ. ಅದನ್ನೂ ಬದಲಿಸುತ್ತಾರೆ. ಪ್ರೊಪೆಲ್ಲರ್ ಶಾಫ್ಟನ್ನು ಹೊಸ ಅಳತೆಗೆ ಮಾಡಿಸಬೇಕು. ಸುಮಾರು 4 ಬಾರ್ ಒತ್ತಡ ಕೊಡುವ ಪೆಟ್ರೋಲ್ ಪಂಪ್ ಬೇಕು, ದೊಡ್ಡ ರೇಡಿಯೇಟರ್ ಬೇಕು. ಬಲ ಇಮ್ಮಡಿಯಾದ ಗಾಡಿಗೆ ಹಳೇ ಬ್ರೇಕ್ ಸಾಲದು. ಬ್ರೇಕಿನ ಖರ್ಚು ಉಳಿಸಿದವರು ಜೀವಕ್ಕೇ ಕುತ್ತು ತಂದುಕೊಳ್ಳುತ್ತಾರೆ.

ಇಷ್ಟೆಲ್ಲ ಸ್ಪ್ಯಾನರ್, ವೆಲ್ಡಿಂಗ್, ಲೇತ್‌ನಿಂದ ಆಗುವ ಕೆಲಸ. ಇಂಜಿನ್ನಿನ ಕಂಪ್ಯೂಟರ್ ಬೇರೆಯೇ ಕಥೆ. ಪಿಕಪ್‌ನ ಕಳ್ಳತನ ತಡೆಯುವ ವ್ಯವಸ್ಥೆ ಅದರಲ್ಲೇ ಸೇರಿಕೊಂಡಿದೆ. ಹೊಸ ಕಾರಿನಲ್ಲಿ ಅದಕ್ಕೆ ತನ್ನ ಕೀಲಿಯ ಗುರುತು ಸಿಗದಿದ್ದರೆ ಇಂಜಿನ್ ಓಡುವುದಿಲ್ಲ. ಹವ್ಯಾಸಿ ಪ್ರೋಗ್ರಾಮರ್‌ಗಳು ಈ ಕಂಪ್ಯೂಟರಿನ ಒಳಗನ್ನು ಓದಲು, ತಿದ್ದಲು ಕಲಿತರು. ವೈರಿಂಗ್ ನಕ್ಷೆಗಳನ್ನು ಇಂಟರ್‌ನೆಟ್ಟಿನಲ್ಲಿ ಹಂಚಿಕೊಂಡರು. ಆಮೇಲೆಯೇ ಈ ಕೆಲಸ ಸಾಮಾನ್ಯ ಗ್ಯಾರೇಜುಗಳಿಗೆ ಇಳಿಯಿತು.

ಗಾಜು ಕುಡಿಸಿ ಕೊಂದ ಇಂಜಿನ್‌ಗಳು

2009ರ ಜುಲೈ, ಆಗಸ್ಟ್ ತಿಂಗಳಲ್ಲಿ ಅಮೆರಿಕ ಸರ್ಕಾರ ಒಂದು ಯೋಜನೆ ತಂದಿತು. ಹೆಚ್ಚು ಪೆಟ್ರೋಲ್ ಕುಡಿಯುವ ಹಳೇ ಗಾಡಿ ಕೊಟ್ಟು ಹೊಸದು ಕೊಂಡರೆ 3,500 ಅಥವಾ 4,500 ಡಾಲರ್ ಸಹಾಯ. ಹೊಗೆ ತಗ್ಗಬೇಕು, ಕುಸಿದ ಮಾರುಕಟ್ಟೆ ಚೇತರಿಸಬೇಕು ಎಂಬುದು ಉದ್ದೇಶ. ಸುಮಾರು 6.8 ಲಕ್ಷ ಗಾಡಿಗಳು ಬಂದವು.

ಷರತ್ತು ಏನೆಂದರೆ, ಬಂದ ಗಾಡಿಯ ಇಂಜಿನ್ ಮತ್ತೆಂದೂ ಓಡಬಾರದು. ಆಯಿಲ್ ಸುರಿದು ಹಾಕಿ, ಆ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಹೊಯ್ದು ಇಂಜಿನ್ ಓಡಿಸುತ್ತಿದ್ದರು. ಕಾವಿಗೆ ನೀರು ಆವಿಯಾಗಿ ಗಾಜಿನಂಥ ಪದಾರ್ಥ ಬೇರಿಂಗುಗಳಿಗೆ ಮೆತ್ತಿಕೊಳ್ಳುತ್ತದೆ. ಕೆಲವೇ ನಿಮಿಷಗಳಲ್ಲಿ ಇಂಜಿನ್ ಜಾಮ್ ಆಗಿ ನಿಂತುಬಿಡುತ್ತದೆ. ಅಲ್ಲಿಯವರೆಗೆ ಚೆನ್ನಾಗಿ ಓಡುತ್ತಿದ್ದ ಇಂಜಿನ್‌ಗಳೂ ಹೀಗೆ ಸತ್ತವು. ಬಾಗಿಲು, ಸೀಟು ಮಾರಬಹುದಿತ್ತು. ಇಂಜಿನ್ ಮಾತ್ರ ಕರಗಿಸುವ ಕಬ್ಬಿಣವಾಯಿತು.

ಹೊಗೆಯ ಚಿಂತೆ ಸುಳ್ಳಲ್ಲ. ಅದಕ್ಕೆ ಕ್ಯಾಲಿಫೋರ್ನಿಯಾ ರಾಜ್ಯ ಇನ್ನೊಂದು ದಾರಿ ಇಟ್ಟುಕೊಂಡಿದೆ. ಇಂಜಿನ್ ಬದಲಿಸಬಹುದು, ಆದರೆ ಹೊಸದಾಗಿ ಬರುವ ಇಂಜಿನ್ ಕಾರಿನಷ್ಟೇ ಅಥವಾ ಅದಕ್ಕಿಂತ ಈಚಿನ ವರ್ಷದ್ದಾಗಿರಬೇಕು, ಹೊಗೆ ಶುದ್ಧ ಮಾಡುವ ಭಾಗಗಳೆಲ್ಲ ಜೊತೆಗೇ ಬರಬೇಕು, ಪರೀಕ್ಷಕರು ನೋಡಿ ಒಪ್ಪಬೇಕು. ಈ ದಾರಿಯಲ್ಲಿ ಗಾಳಿಯೂ ಉಳಿಯುತ್ತದೆ, ಇಂಜಿನ್ನೂ ಉಳಿಯುತ್ತದೆ.

ಹಕ್ಕಿನ ಮಾತು

ಇಂದಿನ ಗಾಡಿಗಳಲ್ಲಿ ಕಂಪ್ಯೂಟರಿನ ಬೀಗ ಇನ್ನೂ ಬಿಗಿ. ಬೀಗ ಒಡೆದರೆ ಕೃತಿಸ್ವಾಮ್ಯದ ಉಲ್ಲಂಘನೆ ಎಂದು ತಯಾರಕರು ವಾದಿಸಿದರು. 2015ರಲ್ಲಿ ಅಮೆರಿಕದ ಕಾಪಿರೈಟ್ ಕಚೇರಿಯ ಪ್ರಕ್ರಿಯೆಯಲ್ಲಿ ಒಂದು ವಿನಾಯಿತಿ ಸಿಕ್ಕಿತು. ರಿಪೇರಿಗೆ ಮತ್ತು ಕಾನೂನು ಒಪ್ಪುವ ಮಾರ್ಪಾಡಿಗೆ ಮಾಲೀಕರು ತಮ್ಮ ವಾಹನದ ಸಾಫ್ಟ್‌ವೇರ್ ತೆರೆಯಬಹುದು. ಆ ಪಟ್ಟಿಯಲ್ಲಿ ಕಾರಿನ ಜೊತೆ ಟ್ರ್ಯಾಕ್ಟರೂ ಇತ್ತು.

ನಮ್ಮಲ್ಲಿ ಕೈ ಹಾಕುವ ಮುನ್ನ ಒಂದು ಮಾತು ತಿಳಿದಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಮತ್ತು ತಯಾರಕರು ಕೊಟ್ಟ ವಿವರ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಅದೇ ಮಾದರಿಯ ಇಂಜಿನ್ ಹಾಕಿಸುವುದಿದ್ದರೂ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಇಲ್ಲದಿದ್ದರೆ ಅಪಘಾತವಾದ ದಿನ ವಿಮೆಯ ಹಣಕ್ಕೂ ತೊಡಕಾಗಬಹುದು.

1932, 1955, 1999ರ ಈ ಮೂರು ಇಂಜಿನ್‌ಗಳೂ ಹೆಚ್ಚು ಜನರ ದಿನನಿತ್ಯದ ದುಡಿಮೆಗೆ ನೆರವಾದವು. ಬೇಕಾದಷ್ಟು ತಯಾರಾದವು, ಭಾಗಗಳು ಒಂದಕ್ಕೊಂದು ಹೊಂದಿದವು, ಗುಜರಿಯ ಬಾಗಿಲು ತೆರೆದಿತ್ತು, ಕಲಿತವರು ಕಲಿತದ್ದನ್ನು ಮುಚ್ಚಿಡಲಿಲ್ಲ. ಇವುಗಳಲ್ಲಿ ಒಂದು ತಪ್ಪಿದ್ದರೂ ಈ ಚರಿತ್ರೆ ಇಲ್ಲ.

ಈಗ ಅಪಘಾತವಾದ ಟೆಸ್ಲಾ ಕಾರಿನ ಮೋಟಾರು, ನಿಸ್ಸಾನ್ ಲೀಫ್‌ನ ಬ್ಯಾಟರಿಯನ್ನು ಬಿಚ್ಚಿ ಹಳೇ ಕಾರಿಗೆ ಜೋಡಿಸುವವರು ಬಂದಿದ್ದಾರೆ. ಅವರ ಕೈಯಲ್ಲಿ ಸ್ಪ್ಯಾನರ್ ಜೊತೆ ಲ್ಯಾಪ್‌ಟಾಪ್ ಕೂಡ ಇದೆ. ಗುಜರಿಯಲ್ಲಿ ಬಿದ್ದ ವಸ್ತುವನ್ನು ಬಿಚ್ಚಿ ನೋಡುವ ಹಕ್ಕು ಉಳಿದರೆ, ಮುಂದಿನ ಅಧ್ಯಾಯವನ್ನೂ ಅವರೇ ಬರೆಯುತ್ತಾರೆ.