ಸ್ಟೆರಿಯಾಡೆ, ಮಿರ್ಚಾ

1924–2006. ರುಮೇನಿಯ ಮೂಲದ ಕೆನಡದ ನರವಿಜ್ಞಾನಿ. ನಿದ್ರೆಯಲ್ಲಿ ಮೆದುಳು ಹೊರಡಿಸುವ ವಿದ್ಯುತ್ ಲಯಗಳು ಯಾವ ನರಕೋಶಗಳಲ್ಲಿ, ಹೇಗೆ ಹುಟ್ಟುತ್ತವೆ ಎಂಬುದನ್ನು ಒಂದೊಂದೇ ಕೋಶದ ಮಟ್ಟಕ್ಕೆ ಇಳಿದು ತೋರಿಸಿದವ. ಗಾಢ ನಿದ್ರೆಯ ನಿಧಾನ ಆಂದೋಲನವನ್ನು ಗುರುತಿಸಿದ್ದು ಮತ್ತು ಅದೇ ಆಂದೋಲನ ಮೂರ್ಛೆರೋಗದ ಸೆಳವಾಗಿ ತಿರುಗಬಲ್ಲದೆಂದು ತೋರಿಸಿದ್ದು ಈತನ ಮುಖ್ಯ ಸಾಧನೆಗಳು.

ಹುಟ್ಟಿದ್ದು ಬುಖಾರೆಸ್ಟಿನಲ್ಲಿ. ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ ಮನುಷ್ಯನ ತಲೆಯಿಂದ ಮೊತ್ತಮೊದಲ ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ರೇಖಾಚಿತ್ರ) ದಾಖಲಿಸಿದ್ದೂ ಅದೇ 1924ರಲ್ಲಿ. ಕಾಕತಾಳೀಯವೇ ಇರಬಹುದು, ಆದರೆ ಬರ್ಗರ್ ಕಾಗದದ ಮೇಲೆ ಬರೆಸಿದ ಅಲೆಗಳ ಒಳಗುಟ್ಟನ್ನು ಬಿಡಿಸುವುದರಲ್ಲೇ ಸ್ಟೆರಿಯಾಡೆಯ ಆಯುಷ್ಯ ಕಳೆಯಿತು. ಬುಖಾರೆಸ್ಟಿನಲ್ಲಿ ವೈದ್ಯಕೀಯ ಓದಿದ ಈತ 1950ರ ದಶಕದ ಕೊನೆಯಲ್ಲಿ ಬ್ರಸೆಲ್ಸಿಗೆ ಹೋಗಿ ಫ್ರೆಡರಿಕ್ ಬ್ರೆಮೆರನ ಪ್ರಯೋಗಾಲಯದಲ್ಲಿ ಕೆಲಕಾಲ ದುಡಿದ. 1968ರಲ್ಲಿ ತಾಯ್ನಾಡು ಬಿಟ್ಟು ಕ್ವಿಬೆಕ್ ನಗರದ ಲವಾಲ್ ವಿಶ್ವವಿದ್ಯಾಲಯ ಸೇರಿದ ಮೇಲೆ ಮತ್ತೆಲ್ಲೂ ಹೋಗಲಿಲ್ಲ.

ಬ್ರೆಮೆರನ ಸಹವಾಸ ಮುಖ್ಯವಾದದ್ದು. ಬೆಕ್ಕಿನ ಮಿದುಳಕಾಂಡವನ್ನು ಮೇಲುಭಾಗದಲ್ಲಿ ಕತ್ತರಿಸಿದರೆ ಕತ್ತರಿಸಿದ ಜಾಗದಿಂದ ಮೇಲಿನ ಮೆದುಳು ನಿದ್ರೆಯ ಅಲೆಗಳನ್ನೇ ಹೊರಡಿಸುತ್ತದೆಂದು ಆತ 1935ರಲ್ಲಿ ತೋರಿಸಿದ್ದ. ಇಂದ್ರಿಯಗಳ ಸಂದೇಶ ನಿಂತರೆ ಮೆದುಳು ತಾನಾಗಿ ನಿದ್ರೆಗೆ ಜಾರುತ್ತದೆ ಎಂಬುದು ಆತ ಕೊಟ್ಟ ವಿವರಣೆ. 1949ರಲ್ಲಿ ಮೊರುಝಿ ಮತ್ತು ಮಗೂನ್ ಇದನ್ನು ತಿದ್ದಿದರು. ಮಿದುಳಕಾಂಡದೊಳಗಿನ ಜಾಲರಚನೆಯನ್ನು ವಿದ್ಯುತ್ತಿನಿಂದ ಪ್ರಚೋದಿಸಿದರೆ ನಿದ್ರೆಯ ಅಲೆಗಳು ಮಾಯವಾಗಿ ಎಚ್ಚರದ ಅಲೆಗಳು ಬರುತ್ತವೆಂದು ಅವರು ಕಂಡರು. ಆ ಜಾಲದ ಯಾವ ಕೋಶ, ಯಾವ ರಾಸಾಯನಿಕದ ಮೂಲಕ, ಯಾವ ಹೊತ್ತಿನಲ್ಲಿ ಎಚ್ಚರ ತರುತ್ತದೆ ಎಂಬ ಪ್ರಶ್ನೆ ಮಾತ್ರ ಉಳಿದೇ ಇತ್ತು. ಸ್ಟೆರಿಯಾಡೆ ಹಿಡಿದದ್ದು ಈ ಎಳೆಯನ್ನು. ಅಸಿಟೈಲ್‌ಕೋಲೀನ್ ಬಳಸುವ ಕಾಂಡದ ಕೋಶಗಳು ಎಚ್ಚರವಾಗುವುದಕ್ಕೆ ಮುಂಚೆಯೇ ಚುರುಕಾಗುತ್ತವೆಂದು ಈತನ ತಂಡ ದಾಖಲಿಸಿತು. ಎಚ್ಚರದ ಫಲವಾಗಿ ಅವು ಚುರುಕಾಗುವುದಲ್ಲ, ಅವುಗಳ ಚುರುಕಿನಿಂದ ಎಚ್ಚರ ಬರುತ್ತದೆ ಎನ್ನಲು ಇದು ಬಲವಾದ ಆಧಾರ.

ಸ್ಪಿಂಡಲ್‌ಗಳು. ನಿದ್ರೆ ಹತ್ತುವ ಹೊತ್ತಿಗೆ ಇಇಜಿಯಲ್ಲಿ ಸಣ್ಣದಾಗಿ ಎದ್ದು, ಉಬ್ಬಿ, ಮತ್ತೆ ತಗ್ಗುವ ಅಲೆಗೊಂಚಲುಗಳು ಕಾಣುತ್ತವೆ. ಸೆಕೆಂಡಿಗೆ 7ರಿಂದ 14 ಬಾರಿ ಮಿಡಿಯುವ ಇವೇ ಸ್ಪಿಂಡಲ್‌ಗಳು. ಇವು ಮೆದುಳಿನ ಆಳದಲ್ಲಿದ್ದು ಇಂದ್ರಿಯಗಳ ಸಂದೇಶವನ್ನು ಮೇಲಕ್ಕೆ ದಾಟಿಸುವ ಥಲಾಮಸ್‌ನಲ್ಲಿ ಹುಟ್ಟುತ್ತವೆಂಬುದು ಮೊದಲೇ ತಿಳಿದಿತ್ತು. ಥಲಾಮಸ್‌ನ ಯಾವ ಭಾಗದಲ್ಲಿ ಎಂಬುದು ಸ್ಟೆರಿಯಾಡೆ, ಮಾರ್ಟಿನ್ ಡೆಶೆನ್ ಮೊದಲಾದವರ 1985 ಮತ್ತು 1987ರ ಪ್ರಯೋಗಗಳಿಂದ ಸ್ಪಷ್ಟವಾಯಿತು. ಕಡಲೆಬೀಜದ ಮೇಲಿನ ಕೆಂಪು ಸಿಪ್ಪೆಯಂತೆ ಥಲಾಮಸ್ಸನ್ನು ಹೊದ್ದಿರುವ ತೆಳು ಪದರವೊಂದಿದೆ, ರೆಟಿಕ್ಯುಲರ್ ನ್ಯೂಕ್ಲಿಯಸ್ ಎಂದು ಅದರ ಹೆಸರು. ಅದರ ಕೋಶಗಳೆಲ್ಲ ಇತರ ಕೋಶಗಳನ್ನು ತಡೆಯುವ ಜಾತಿಯವು. ಈ ಪದರದಿಂದ ಬೇರ್ಪಡಿಸಿದ ಥಲಾಮಸ್ ಕೋಶಗಳಲ್ಲಿ ಸ್ಪಿಂಡಲ್ ನಿಂತುಹೋಯಿತು. ಉಳಿದೆಲ್ಲದರಿಂದ ಬೇರ್ಪಡಿಸಿದ ಪದರ ಮಾತ್ರ ಒಂಟಿಯಾಗಿಯೂ ಸ್ಪಿಂಡಲ್ ಲಯದಲ್ಲಿ ಮಿಡಿಯಿತು. ತಡೆಗೆ ಸಿಕ್ಕ ಥಲಾಮಸ್ ಕೋಶ ಸುಮ್ಮನಾಗಿಬಿಡುವುದಿಲ್ಲ. ಅದರ ಪೊರೆಯ ವಿದ್ಯುದ್ವಿಭವ ಕೆಳಗಿಳಿದಾಗ ಒಂದು ಬಗೆಯ ಕ್ಯಾಲ್ಸಿಯಂ ನಾಳಗಳು ತೆರೆಯಲು ಅಣಿಯಾಗುತ್ತವೆ, ತಡೆ ಸಡಿಲವಾದ ಕೂಡಲೇ ಕೋಶ ಒಮ್ಮೆಲೇ ಸಿಡಿಯುತ್ತದೆ. ಆ ಸಿಡಿತ ಮೆದುಳಿನ ಹೊರಮೈಯಾದ ಕಾರ್ಟೆಕ್ಸಿಗೂ ಹೋಗುತ್ತದೆ, ಹಿಂದಿರುಗಿ ಪದರವನ್ನೂ ಕೆಣಕುತ್ತದೆ. ಹೀಗೆ ಸುತ್ತು ನಡೆಯುತ್ತದೆ.

ಈ ತೀರ್ಮಾನಕ್ಕೆ ಬೇಗನೆ ಎದುರು ಬಂತು. 1990ರ ದಶಕದಲ್ಲಿ ಫೆರೆಟ್ ಎಂಬ ಪ್ರಾಣಿಯ ಥಲಾಮಸ್ಸಿನ ತೆಳು ಚೂರುಗಳನ್ನು ದ್ರಾವಣದಲ್ಲಿ ಬದುಕಿಸಿಟ್ಟು ನೋಡಿದ ಡೇವಿಡ್ ಮೆಕಾರ್ಮಿಕ್ ತಂಡಕ್ಕೆ ಒಂಟಿ ಪದರದಲ್ಲಿ ಸ್ಪಿಂಡಲ್ ಕಾಣಲಿಲ್ಲ; ಪದರವೂ ಥಲಾಮಸ್ ಕೋಶಗಳೂ ಕೂಡಿದರೆ ಮಾತ್ರ ಕಂಡಿತು. ಚೂರು ಮಾಡುವಾಗ ಪದರದ ಕೋಶಗಳ ಪರಸ್ಪರ ಸಂಪರ್ಕ ಕಡಿದುಹೋಗುತ್ತದೆ, ಮಿದುಳಕಾಂಡದಿಂದ ಬರುವ ರಾಸಾಯನಿಕಗಳೂ ಅಲ್ಲಿರುವುದಿಲ್ಲ ಎಂದು ಸ್ಟೆರಿಯಾಡೆ ಪಟ್ಟು ಹಿಡಿದ. ಇಡೀ ಮೆದುಳಿನ ವರ್ತನೆಯನ್ನು ಅದರ ಚೂರಿನಿಂದ ಊಹಿಸಬಾರದೆಂಬುದು ಈತನ ಜೀವನದುದ್ದದ ವಾದ. 2001ರಲ್ಲಿ ಅದಕ್ಕಾಗಿಯೇ ಒಂದು ಪುಸ್ತಕ ಬರೆದ. ವಾದದ ದನಿ ಕೆಲವೆಡೆ ಖಾರವಾಯಿತೆಂಬುದು ನಿಜ. ಹಾಗೆಂದು ಈತ ಮೆಕಾರ್ಮಿಕ್‌ನನ್ನು ದೂರವಿಟ್ಟವನಲ್ಲ: ಆತ ಮತ್ತು ಟೆರೆನ್ಸ್ ಸೆಜ್ನೋವ್‌ಸ್ಕಿ ಜೊತೆ 1993ರಲ್ಲಿ 'ಸೈನ್ಸ್' ಪತ್ರಿಕೆಗೆ ಬರೆದ ಸಮೀಕ್ಷೆ ಈ ಕ್ಷೇತ್ರದ ವಿದ್ಯಾರ್ಥಿಗಳು ಓದಲೇಬೇಕಾದ ಬರಹವಾಯಿತು.

ನಿಧಾನ ಆಂದೋಲನ. ಅದೇ 1993ರಲ್ಲಿ ಆಂಜೆಲ್ ನುನ್ಯೆಸ್ ಮತ್ತು ಫ್ಲೋರಿನ್ ಆಮ್ಜಿಕಾ ಜೊತೆ ಪ್ರಕಟಿಸಿದ ಲೇಖನಗಳು ಈತನ ಹೆಸರನ್ನು ನಿಲ್ಲಿಸಿದವು. ಗಾಢ ನಿದ್ರೆಯಲ್ಲಿ ಸೆಕೆಂಡಿಗೆ 1ರಿಂದ 4 ಬಾರಿ ಬರುವ ಡೆಲ್ಟಾ ಅಲೆಗಳೇ ಅತಿ ನಿಧಾನ ಎಂದು ಎಲ್ಲರೂ ತಿಳಿದಿದ್ದರು. ಗಾಜಿನ ಸೂಜಿಮೊನೆಯನ್ನು ಕೋಶದೊಳಗೇ ತೂರಿಸಿ ಅಳೆದ ಈ ತಂಡಕ್ಕೆ ಅದಕ್ಕಿಂತ ನಿಧಾನವಾದ, ಸೆಕೆಂಡಿಗೆ ಒಮ್ಮೆಗೂ ಕಡಿಮೆ ಬರುವ ಏರಿಳಿತವೊಂದು ಸಿಕ್ಕಿತು. ಏರಿನಲ್ಲಿ ಕಾರ್ಟೆಕ್ಸಿನ ಕೋಶಗಳು ಬಿಡದೆ ಮಿಡಿಯುತ್ತವೆ, ಇಳಿತದಲ್ಲಿ ಬಹುಮಟ್ಟಿಗೆ ಎಲ್ಲವೂ ಒಟ್ಟಿಗೆ ಮೌನವಾಗುತ್ತವೆ. ಆ ಮೌನಕ್ಕೆ ತಡೆಕೋಶಗಳು ಕಾರಣವಲ್ಲ. ಅವೂ ಆಗ ಮೌನವಾಗಿರುತ್ತವೆ. ಯಾರೂ ಯಾರಿಗೂ ಸಂದೇಶ ಕಳಿಸದಿರುವುದೇ ಕಾರಣ. ಥಲಾಮಸ್ಸನ್ನು ನಾಶಮಾಡಿದರೂ ಕಾರ್ಟೆಕ್ಸಿನಲ್ಲಿ ಆಂದೋಲನ ಉಳಿಯಿತು, ಕಾರ್ಟೆಕ್ಸನ್ನು ತೆಗೆದರೆ ಥಲಾಮಸ್ಸಿನಲ್ಲಿ ಅಳಿಯಿತು. ಹಾಗಾಗಿ ಅದರ ತವರು ಕಾರ್ಟೆಕ್ಸ್ ಎಂದು ಈತ ನಿರ್ಧರಿಸಿದ. ಸ್ಪಿಂಡಲ್, ಡೆಲ್ಟಾ ಮುಂತಾದ ಉಳಿದ ಲಯಗಳು ಈ ಏರಿಳಿತದ ಹಂತಗಳಿಗೆ ಹೊಂದಿಕೊಂಡೇ ಬರುತ್ತವೆ. ಪಠ್ಯಪುಸ್ತಕಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ವಿವರಿಸುತ್ತಿದ್ದ ಅಲೆಗಳು ಹೀಗೆ ಒಂದೇ ವ್ಯವಸ್ಥೆಯ ಭಾಗಗಳಾದವು.

ಈ ಪ್ರಯೋಗಗಳು ಅರಿವಳಿಕೆ ಕೊಟ್ಟ ಬೆಕ್ಕುಗಳ ಮೇಲೆ ನಡೆದವು. ಆದ್ದರಿಂದ ಆಂದೋಲನ ಔಷಧದ ಸೃಷ್ಟಿಯಿರಬಹುದೆಂಬ ಸಂಶಯ ಸಹಜವೇ. 2001ರಲ್ಲಿ ಇಗೋರ್ ಟಿಮೊಫೇವ್ ಜೊತೆ ಸಹಜವಾಗಿ ಮಲಗಿ ಏಳುವ ಬೆಕ್ಕುಗಳ ಕೋಶದೊಳಗಿಂದಲೇ ದಾಖಲಿಸಿ ಈತ ಉತ್ತರ ಕೊಟ್ಟ. ಮಿಸುಕುವ ಪ್ರಾಣಿಯ ಒಂದು ಕೋಶದಲ್ಲಿ ಸೂಜಿಯನ್ನು ನಿಲ್ಲಿಸುವುದೆಂದರೆ ಅಸಾಧ್ಯಕ್ಕೆ ಹತ್ತಿರದ ಕೆಲಸ. ಮೌನದ ಇಳಿತಗಳು ಗಾಢ ನಿದ್ರೆಯಲ್ಲಿ ಕಂಡವು, ಎಚ್ಚರದಲ್ಲೂ ಕನಸಿನ ನಿದ್ರೆಯಲ್ಲೂ ಕಾಣಲಿಲ್ಲ. ಮನುಷ್ಯರ ಇಇಜಿಯಲ್ಲಿ ಇಂಥದೇ ಏರಿಳಿತ 1997ರಷ್ಟರಲ್ಲೇ ವರದಿಯಾಗಿತ್ತು.

ಮೂರ್ಛೆರೋಗ. ಮಾತಾಡುತ್ತಿದ್ದ ಮಗು ಕೆಲವು ಸೆಕೆಂಡು ನೋಟ ನೆಟ್ಟು ಸ್ತಬ್ಧವಾಗಿ, ಮತ್ತೆ ಏನೂ ಆಗದಂತೆ ಮಾತು ಮುಂದುವರಿಸುತ್ತದೆ. ಆಬ್ಸೆನ್ಸ್ ಎಂಬ ಈ ಸೆಳವಿನ ಹೊತ್ತಿನಲ್ಲಿ ಇಇಜಿ ಸೆಕೆಂಡಿಗೆ ಸುಮಾರು 3ರಂತೆ ಚೂಪು ಮೊನೆ, ಅದರ ಬೆನ್ನಿಗೇ ಅಗಲವಾದ ಅಲೆ ತೋರಿಸುತ್ತದೆ. ಇದರ ಮೂಲ ಮೆದುಳಿನ ನಡುಭಾಗದಲ್ಲಿದೆ ಎಂದು ಮಾಂಟ್ರಿಯಲ್‌ನ ಪೆನ್‌ಫೀಲ್ಡ್ ಮತ್ತು ಜ್ಯಾಸ್ಪರ್ ಸಾರಿದ್ದರು. ಕೆರಳಿದ ಕಾರ್ಟೆಕ್ಸಿನಿಂದಾಗಿ ಸ್ಪಿಂಡಲ್‌ಗಳೇ ಹೀಗೆ ರೂಪಾಂತರವಾಗುತ್ತವೆ ಎಂಬುದು ಅಲ್ಲಿಯವನೇ ಆದ ಪಿಯೆರ್ ಗ್ಲೂರ್‌ನ ಮತ. ಸ್ಟೆರಿಯಾಡೆ 1974ರಲ್ಲಿ ಕೋತಿಗಳಲ್ಲಿ ಈ ಸೆಳವನ್ನು ಅಧ್ಯಯನ ಮಾಡಿದಾಗಿನಿಂದ ಕಾರ್ಟೆಕ್ಸಿನ ಪರವಾಗಿ ವಾದಿಸಿದವ. 1995ರಲ್ಲಿ ಡಿಯೇಗೊ ಕಾಂಟ್ರೆರಾಸ್ ಜೊತೆ ನಿದ್ರೆಯ ನಿಧಾನ ಆಂದೋಲನ ನಡುವೆ ಕಡಿಯದೆ, ಹಂತಹಂತವಾಗಿ ಸೆಳವಾಗುವುದನ್ನು ತೋರಿಸಿದ. ಇನ್ನೂ ಅನಿರೀಕ್ಷಿತವಾದದ್ದು ಥಲಾಮಸ್ಸಿನ ಸ್ಥಿತಿ. ಸೆಳವು ನಡೆದಾಗ ಕಾರ್ಟೆಕ್ಸ್ ರೆಟಿಕ್ಯುಲರ್ ಪದರವನ್ನು ಜೋರಾಗಿ ಕೆಣಕುತ್ತದೆ, ಪದರ ಥಲಾಮಸ್ ಕೋಶಗಳನ್ನು ಅದುಮುತ್ತದೆ. ಪರಿಣಾಮವಾಗಿ ಆ ಕೋಶಗಳಲ್ಲಿ ಬಹುಪಾಲು ಮಿಡಿಯದೆ ಕೂರುತ್ತವೆ. ಹೊರಲೋಕದ ಸುದ್ದಿ ಕಾರ್ಟೆಕ್ಸಿಗೆ ತಲುಪುವ ಬಾಗಿಲು ಮುಚ್ಚಿರುವುದರಿಂದಲೇ ಮಗುವಿಗೆ ಆ ಕ್ಷಣಗಳ ಅರಿವಿರುವುದಿಲ್ಲ ಎಂದು ಈತ ಹೇಳಿದ. ಹಲವು ಬಗೆಯ ಸೆಳವುಗಳು ನಿದ್ರೆಯಲ್ಲೇ ಹೆಚ್ಚಾಗಿ ಬರುತ್ತವೆಂದು ವೈದ್ಯರಿಗೆ ಹಿಂದಿನಿಂದಲೂ ಗೊತ್ತಿದ್ದುದಕ್ಕೂ ಈ ಕೆಲಸದಲ್ಲಿ ಕೋಶಮಟ್ಟದ ಕಾರಣ ದೊರೆಯಿತು. ಎಷ್ಟೋ ಕೋಶಗಳು ಒಟ್ಟಿಗೆ ಏರಿ ಇಳಿಯುವ ಸ್ಥಿತಿಯಿಂದ ಸೆಳವಿಗೆ ದೂರ ಕಡಿಮೆ.

ನಿಧಾನ ನಿದ್ರೆಯ ಏರುಗಳಲ್ಲಿ ಎಚ್ಚರದ್ದೆಂದು ತಿಳಿದಿದ್ದ ವೇಗದ ಲಯಗಳೂ ಇರುತ್ತವೆಂದು ಈತ ಕಂಡದ್ದು ಮುಂದೆ ನೆನಪಿನ ಸಂಶೋಧಕರಿಗೆ ದಾರಿಯಾಯಿತು. 2003ರಲ್ಲಿ ಬಂದ ಈತನ ಪುಸ್ತಕ ನಿದ್ರೆ ಮತ್ತು ಮೂರ್ಛೆಗಳ ನರಕೋಶ ಆಧಾರವನ್ನು ಒಂದೇ ಸಂಪುಟದಲ್ಲಿ ಚರ್ಚಿಸುತ್ತದೆ. ಓದಲು ಸುಲಭವಲ್ಲ, ಎದುರು ಪಕ್ಷದವರಿಗೆ ರಿಯಾಯಿತಿಯನ್ನೂ ತೋರುವುದಿಲ್ಲ. 2006ರ ಏಪ್ರಿಲ್‌ನಲ್ಲಿ ಈತ ತೀರಿಕೊಂಡ.

ಸ್ಟೆರಿಯಾಡೆ ಇತ್ಯರ್ಥವಾಯಿತೆಂದುಕೊಂಡ ಪ್ರಶ್ನೆಗಳಲ್ಲಿ ಕೆಲವು ಮತ್ತೆ ತೆರೆದಿವೆ. ಅನುವಂಶೀಯ ಮೂರ್ಛೆಯಿರುವ ಇಲಿಗಳಲ್ಲಿ ಸೆಳವು ಕಾರ್ಟೆಕ್ಸಿನ ಒಂದು ನಿರ್ದಿಷ್ಟ ಜಾಗದಿಂದ ಹೊರಡುತ್ತದೆಂಬ 2002ರ ಶೋಧ ಈತನ ಪಕ್ಷವನ್ನು ಬಲಪಡಿಸಿತು. ನಿಧಾನ ಆಂದೋಲನದ ವಿಷಯದಲ್ಲಿ ಹಾಗಾಗಲಿಲ್ಲ. ಕಾರ್ಟೆಕ್ಸ್ ಒಂಟಿಯಾಗಿ ಅದನ್ನು ಹುಟ್ಟಿಸಬಲ್ಲದಾದರೂ ಸಹಜ ನಿದ್ರೆಯ ಪೂರ್ಣ ರೂಪಕ್ಕೆ ಥಲಾಮಸ್ಸಿನ ಸ್ವಂತ ಆಂದೋಲಕಗಳೂ ಬೇಕೆಂದು ವಿನ್ಚೆಂಜೊ ಕ್ರುನೆಲ್ಲಿ ಮತ್ತು ಸ್ಟುವರ್ಟ್ ಹ್ಯೂಸ್ 2010ರಲ್ಲಿ ವಾದಿಸಿದರು. ಅವರ ಆಧಾರಗಳಲ್ಲಿ ಹೆಚ್ಚಿನವು ಮೆದುಳಿನ ಚೂರುಗಳಿಂದ ಬಂದವು.